ಟಿಲ್ಲರ್, ಓಮ್ನಿ, ಬೋರ್ ಮೋಟರು: ತೋಟದ ಶೆಡ್ಡಿನ ಗುಜರಿ ಕೆಲಸ ಎಲ್ಲಿಗೆ ಬಂತು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದರ ಶೆಡ್ಡು ಖಾಲಿ ಮಾಡುವ ಕೆಲಸದ ದಾಖಲೆ ಇದು. ಒಳಗಿರುವ ಸರಕು: ಎಂಜಿನ್ ಜಾಮ್ ಆದ ಪವರ್ ಟಿಲ್ಲರ್ ಮತ್ತು ಅದರ ಟ್ರೈಲರ್, ಎಲ್‌ಪಿಜಿ ಕಿಟ್ ಇರುವ ಹಳೇ ಮಾರುತಿ ಓಮ್ನಿ, ಸುಟ್ಟ ಸಬ್‌ಮರ್ಸಿಬಲ್ ಮೋಟರು, ಮೋಟರು ಪಂಪು ಒಂದಾಗಿಯೇ ಇರುವ ಒಂದು ಮಾನೋಬ್ಲಾಕ್, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಪಂಪಿನ ಹೆಡ್ಡುಗಳು, ಮೂಟೆಯಲ್ಲಿ ಕಟ್ಟಿಟ್ಟ ವೈರು, ಅಡಿಕೆ ಬೇಯಿಸುವ ತಾಮ್ರದ ಹಂಡೆ, ಒಂದಿಷ್ಟು ತಗಡು.

ಇಂಥ ರಾಶಿಗೆ ಒಂದೇ ದರ ಕೇಳಿದರೆ ಸಿಗುವುದು ಕಬ್ಬಿಣದ ದರ, ಹೆಚ್ಚೆಂದರೆ ಎರಡು ರೂಪಾಯಿ ಮೇಲೆ. ಲೆಕ್ಕ ಹಿಡಿಯಲು ಕಬ್ಬಿಣ ಕಿಲೋಗೆ 30, ತಾಮ್ರ 700 ಎಂದಿಟ್ಟುಕೊಳ್ಳಿ. 100 ಕಿಲೋ ರಾಶಿಯಲ್ಲಿ 5 ಕಿಲೋ ತಾಮ್ರ ಇದ್ದರೆ ಅದಕ್ಕೇ 3,500 ರೂಪಾಯಿ. ಮಿಕ್ಕ 95 ಕಿಲೋ ಕಬ್ಬಿಣಕ್ಕೆ 2,850. ಒಟ್ಟಿಗೆ ಕಬ್ಬಿಣದ ದರಕ್ಕೆ ಮಾರಿದರೆ ಸಿಗುವುದು 3,000, ಮಿಕ್ಕ 3,350 ಕೊಂಡವರ ಪಾಲು. ಹಾಗಾಗಿ ಇಲ್ಲಿಯ ಕೆಲಸವೆಲ್ಲ ಬೇರ್ಪಡಿಸುವುದು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಚ್ಚದೆ ಇಡಿಯಾಗಿ ಮಾರಬೇಕು ಎಂಬುದೇ ಲಾಭ ನಷ್ಟ ತೀರ್ಮಾನಿಸುತ್ತದೆ.

ಗಡುವು ಜೂನ್ ಮೊದಲ ಮಳೆ. ಕೆಸರು, ತೇವ ಹಿಡಿದ ಮಾಲಿಗೆ ಅಂಗಡಿಯಲ್ಲಿ ಕಣ್ಣಂದಾಜಿನಲ್ಲೇ ತೂಕ ಕಳೆಯುತ್ತಾರೆ, ಆ ಅಂದಾಜು ಯಾವತ್ತೂ ನಿಜವಾದ ತೇವಕ್ಕಿಂತ ಜಾಸ್ತಿ. ಸೋರುವ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿಯುವುದೂ ಅಪಾಯ. ತೋಟದ ಇಳಿಜಾರು ರಸ್ತೆಯಲ್ಲಿ ತುಂಬಿದ ಪಿಕಪ್ ಮೇಲೆ ಹತ್ತುವುದೂ ಇಲ್ಲ.

ಮಾರ್ಚ್: ಓಮ್ನಿ, ಸ್ಪ್ಯಾನರ್ ಮುಟ್ಟಿಸದೆ

ನೋಂದಣಿ ಇರುವ ಕಾರನ್ನು ಶೆಡ್ಡಿನಲ್ಲೇ ತುಂಡು ಮಾಡಿ ಕಿಲೋ ಲೆಕ್ಕಕ್ಕೆ ಹಾಕುವಂತಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಯಾದ, ಆಯುಸ್ಸು ಮುಗಿದ ವಾಹನಗಳ ನಿಯಮದ ಪ್ರಕಾರ ಅಂಥ ವಾಹನವನ್ನು ಆಯುಸ್ಸು ಮುಗಿದ 180 ದಿನದೊಳಗೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೋ ನಿಗದಿತ ಸಂಗ್ರಹಣಾ ಕೇಂದ್ರಕ್ಕೋ ಒಪ್ಪಿಸಬೇಕು. ಕೃಷಿ ಟ್ರ್ಯಾಕ್ಟರ್, ಕೃಷಿ ಟ್ರೈಲರ್, ಕಂಬೈನ್ ಹಾರ್ವೆಸ್ಟರ್, ಪವರ್ ಟಿಲ್ಲರ್ ಈ ನಿಯಮದ ಹೊರಗಿವೆ. ಟಿಲ್ಲರ್ ನಮ್ಮ ಕೈಯಲ್ಲೇ ಬಿಚ್ಚುವುದು, ಓಮ್ನಿ ಇಡಿಯಾಗಿ ಕಳಿಸುವುದು ಎಂಬ ತೀರ್ಮಾನಕ್ಕೆ ಕಾರಣ ಇದು.

ಗಾಡಿ ಒಪ್ಪಿಸಿದ್ದಕ್ಕೆ ಸ್ಕ್ರ್ಯಾಪಿಂಗ್ ಕೇಂದ್ರದವರು ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್‌ಗೆ ತೂಕದ ದುಡ್ಡಿನ ಜೊತೆಗೆ ಬೇರೆಯದೇ ಬೆಲೆ ಇದೆ. ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ಖಾಸಗಿ ವಾಹನಕ್ಕೆ ಮೋಟಾರು ತೆರಿಗೆಯಲ್ಲಿ 25%ವರೆಗೆ, ಬಾಡಿಗೆ ವಾಹನಕ್ಕೆ 15%ವರೆಗೆ ರಿಯಾಯಿತಿಗೆ ಕೇಂದ್ರ ಸರ್ಕಾರದ ನಿಯಮದಲ್ಲಿ ಅವಕಾಶ ಇದೆ. ಹೊಸ ಗಾಡಿ ಬೇಡದವರು ಸರ್ಟಿಫಿಕೇಟನ್ನೇ ಬೇರೆಯವರಿಗೆ ವರ್ಗಾಯಿಸಬಹುದು. ಬಳಸಿದ ಮೇಲೆ ಅದು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ರದ್ದಾಗುತ್ತದೆ.

ದರ ಕೇಳುವ ಮೊದಲು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಖಾಲಿ ತೂಕ ನೋಡಿ. 780 ಕಿಲೋ ಎಂದಿದ್ದರೆ ಅದರಲ್ಲಿ ಕಬ್ಬಿಣ, ಉಕ್ಕು ಸುಮಾರು ಮೂರನೇ ಎರಡು ಪಾಲು, ಅಂದರೆ 520 ಕಿಲೋ. ಮಿಕ್ಕಿದ್ದು ಟೈರು, ಗಾಜು, ಸೀಟು, ಪ್ಲಾಸ್ಟಿಕ್, ಅಲ್ಯೂಮಿನಿಯಂ. ಈ 520ನ್ನು ಆ ದಿನದ ಕಬ್ಬಿಣದ ದರಕ್ಕೆ ಗುಣಿಸಿ, ಟೋಯಿಂಗ್ ಖರ್ಚು ಕಳೆದರೆ ಮಾತುಕತೆಗೆ ಕೆಳಗಿನ ಗೆರೆ ಸಿಗುತ್ತದೆ. ಬ್ಯಾಟರಿ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಇದ್ದಾಗ ಎಷ್ಟು, ಇಲ್ಲದಿದ್ದರೆ ಎಷ್ಟು ಎಂದು ಎರಡೂ ದರ ಬರೆಸಿಕೊಳ್ಳಬೇಕು. ಕನ್ವರ್ಟರ್ ಒಳಗೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಇರುತ್ತದೆ. ಆದರೆ ಗ್ಯಾರೇಜಿನಲ್ಲಿ ಹಾಕಿಸಿದ ಡೂಪ್ಲಿಕೇಟಿನಲ್ಲಿ ಈ ಲೋಹಗಳು ತೀರಾ ಕಡಿಮೆ. ಕಂಪನಿ ಕನ್ವರ್ಟರ್ ಮೇಲಿನ ಗುರುತಿನ ಸಂಖ್ಯೆ ಫೋಟೋ ತೆಗೆದಿಟ್ಟುಕೊಂಡರೆ ಚರ್ಚೆ ಸುಲಭ.

ಸಾಲದ ಹೈಪೊಥಿಕೇಶನ್ (ಗಾಡಿ ಮೇಲಿನ ಅಡಮಾನದ ನಮೂದು) ತೆಗೆಸುವುದು, ಬಾಕಿ ದಂಡ ಕಟ್ಟುವುದು, ಫಾಸ್ಟ್ಯಾಗ್ ಮುಚ್ಚಿಸುವುದು ಮೊದಲೇ ಆಗಬೇಕು. ‘ಆರ್‌ಸಿ ಕ್ಯಾನ್ಸಲ್ ಆಮೇಲೆ ನಾವೇ ಮಾಡಿಸ್ತೀವಿ’ ಎಂದು ಬಾಯಿಮಾತಿನಲ್ಲಿ ಗಾಡಿ ಒಯ್ಯುವವರಿಗೆ ಕೊಡಬೇಡಿ. ಆ ನಂಬರಿನಲ್ಲಿ ಏನೇ ಆದರೂ ಪೊಲೀಸರು ಬರುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ. ಎಲ್‌ಪಿಜಿ ಕಿಟ್ ಇದೆ ಎಂದು ಮೊದಲೇ ತಿಳಿಸಿ, ವಾಲ್ವ್ ಮುಚ್ಚಿಡಬೇಕು. ಖಾಲಿ ಎಂದು ಕಾಣುವ ಗ್ಯಾಸ್ ಸಿಲಿಂಡರ್ ಆಗಲಿ ಪೆಟ್ರೋಲ್ ಟ್ಯಾಂಕ್ ಆಗಲಿ ಗ್ರೈಂಡರಿಗೆ ಒಡ್ಡಬಾರದು. ಒಳಗುಳಿದ ಆವಿಗೆ ಒಂದು ಕಿಡಿ ಸಾಕು.

ಸದ್ಯದ ಸ್ಥಿತಿ: ಕಾಗದಪತ್ರ ತಯಾರು, ದರ ಬರೆಸಿಕೊಂಡಾಗಿದೆ, ಗಾಡಿ ಒಯ್ಯುವುದು ಬಾಕಿ.

ಏಪ್ರಿಲ್: ಟಿಲ್ಲರ್

ಎಂಜಿನ್ ಜಾಮ್ ಆದ ಟಿಲ್ಲರನ್ನು ನೇರ ತೂಕಕ್ಕೆ ಹಾಕುವುದು ದೊಡ್ಡ ನಷ್ಟ. ನಮ್ಮ ಕಡೆ ಗದ್ದೆ ತೋಟಗಳಲ್ಲಿ ಹಳೇ ಟಿಲ್ಲರ್ ಇನ್ನೂ ಓಡುತ್ತಿವೆ, ಬಿಡಿಭಾಗಕ್ಕೆ ಮೆಕ್ಯಾನಿಕ್‌ಗಳು ಹುಡುಕುತ್ತಾರೆ. ಡೀಸೆಲ್ ಪಂಪು, ಇಂಜೆಕ್ಟರ್, ಕ್ಲಚ್ ಸೆಟ್, ಗೇರುಗಳು, ರೋಟರಿಯ ಚೈನ್ ಕೇಸು, ಡಿಸ್ಕ್ ಸಮೇತ ಚಕ್ರ: ಇಷ್ಟನ್ನು ಮೊದಲು ಬಿಚ್ಚಿ, ಒರೆಸಿ, ಫೋಟೋ ತೆಗೆದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೂ ಊರಿನ ಮೆಕ್ಯಾನಿಕ್ ಹತ್ತಿರವೂ ವಿಚಾರಿಸುವುದು. ಎರಡು ವಾರದೊಳಗೆ ಗಿರಾಕಿ ಸಿಗದ್ದು ಮಾತ್ರ ತೂಕಕ್ಕೆ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ಸಂಜೆಯೇ ಡೀಸೆಲ್ ಬಿಟ್ಟಿರಬೇಕು. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ ಎಳೆದು ತುಕ್ಕಿನ ಹಿಡಿತ ಒಡೆದ ಮೇಲೆ ಸಡಿಲಿಸಿ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಬಳಸಿ, ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟು ಮಾಡುತ್ತದೆ. ಮಾರುವ ಭಾಗವಲ್ಲದಿದ್ದರೆ ಹೋರಾಡಬೇಡಿ. ನಾಲ್ಕು ಇಂಚಿನ ಗ್ರೈಂಡರಿಗೆ 1 ಮಿ.ಮೀ. ಕಟಿಂಗ್ ಡಿಸ್ಕ್ ಹಾಕಿ ತಲೆ ಕತ್ತರಿಸುವುದೇ ಅಗ್ಗ. ಡಿಸ್ಕ್ ಓರೆಯಾಗಿ ಒತ್ತಿದರೆ ಸಿಡಿಯುತ್ತದೆ, ಗಾರ್ಡ್ ತೆಗೆದು ಕೆಲಸ ಮಾಡಲೇಬೇಡಿ.

ಎಂಜಿನ್ ಆಯಿಲ್, ಗೇರ್ ಆಯಿಲ್ ಪೂರ್ತಿ ಇಳಿಸಿ ಮುಚ್ಚಳ ಇರುವ ಕ್ಯಾನಿಗೆ ತುಂಬಿದ್ದೇವೆ. ಆಯಿಲ್ ತುಂಬಿದ ಗೇರ್ ಬಾಕ್ಸಿಗೆ ಅಂಗಡಿಯಲ್ಲಿ ಹೇಗೂ ತೂಕ ಕಳೆಯುತ್ತಾರೆ. ವರಲೆ ಬಾರದಿರಲಿ ಎಂದು ಬೇಲಿ ಗೂಟಕ್ಕೆ ಹಳೇ ಆಯಿಲ್ ಬಳಿಯುವ ರೂಢಿ ಬಿಡಬೇಕು. ನಮ್ಮ ಮಳೆಗೆ ಅದು ಒಂದೇ ವರ್ಷದಲ್ಲಿ ತೊಳೆದು ಹಳ್ಳಕ್ಕೂ ಬಾವಿಗೂ ಇಳಿಯುತ್ತದೆ.

ಎಂಜಿನ್ ಬ್ಲಾಕು, ಫ್ಲೈವೀಲು ಬೀಡು, ಅಂದರೆ ಎರಕದ ಕಬ್ಬಿಣ. ಬೀಡಿನ ರಾಶಿ ಉಕ್ಕಿನ ರಾಶಿಯಿಂದ ಬೇರೆ ಇರಲಿ. ಗ್ರೈಂಡರ್ ತಾಗಿಸಿದರೆ ಬೀಡಿನ ಕಿಡಿ ಗಿಡ್ಡ, ಮಂಕು ಕೆಂಪು. ಸಾದಾ ಉಕ್ಕಿನದು ಉದ್ದ, ಹೊಳಪು. ಡ್ರಿಲ್ ಹಾಕಿದರೆ ಬೀಡು ಪುಡಿ ಉದುರಿಸುತ್ತದೆ, ಉಕ್ಕು ಸುರುಳಿ ಬಿಡುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ಜಿಲ್ಲೆ ಇದು, ಈಗಲೂ ಮಾಚೇನಹಳ್ಳಿ ಕಡೆ ಫೌಂಡ್ರಿಗಳಿವೆ. ಶುದ್ಧ ಬೀಡಿಗೆ ಇಲ್ಲಿ ಬೇಡಿಕೆ ಇದೆ. ಆದರೆ ಫೌಂಡ್ರಿಗೆ ಬೇಕಾದ್ದು ಟನ್ ಲೆಕ್ಕದ ಮಾಲು. ಅಕ್ಕಪಕ್ಕದ ತೋಟಗಳ ಹಳೇ ಪಂಪು, ಎಂಜಿನ್ನು ಸೇರಿಸಿ ಒಂದು ಲೋಡು ಮಾಡಿದರೆ ನಡುವಿನ ಒಂದು ಕೈ ತಪ್ಪುತ್ತದೆ.

ಪಿಸ್ಟನ್ ಅಲ್ಯೂಮಿನಿಯಂ, ಅದರ ಪಿನ್ನು ಮತ್ತು ರಿಂಗು ಉಕ್ಕು. ಪಿನ್ ತೆಗೆಯದೆ ಹಾಕಿದರೆ ‘ಕಬ್ಬಿಣ ಸೇರಿದ ಅಲ್ಯೂಮಿನಿಯಂ’ ಎಂದು ಇಡೀ ಚೀಲದ ದರ ಇಳಿಸುತ್ತಾರೆ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದು ಕೈಯಲ್ಲಿರಲಿ, ಅಲ್ಯೂಮಿನಿಯಂ ಚೀಲಕ್ಕೆ ಹೋಗುವ ಪ್ರತಿ ತುಂಡಿಗೂ ತಾಗಿಸಿ.

ರೋಟರಿಯ ಬ್ಲೇಡು, ಟ್ರೈಲರಿನ ಲೀಫ್ ಸ್ಪ್ರಿಂಗ್ ಪ್ಲೇಟು ಗುಜರಿಗೆ ಹೋಗಬಾರದು. ಕುಲುಮೆಯವರಿಗೆ ಕತ್ತಿ, ಕುಡುಗೋಲು ಮಾಡಲು ಬೇಕಾದ್ದು ಇಂಥ ಸ್ಪ್ರಿಂಗ್ ಉಕ್ಕು. ಬಿರುಕಿಲ್ಲದ ಪ್ಲೇಟಿಗೆ ಗುಜರಿ ದರಕ್ಕಿಂತ ಹೆಚ್ಚು ಕೊಡುತ್ತಾರೆ, ಇಲ್ಲವೇ ಹೊಸ ಕತ್ತಿಗೆ ವಜಾ ಹಾಕಿಕೊಳ್ಳುತ್ತಾರೆ.

ಏಪ್ರಿಲ್ ಕೊನೆ: ಮೋಟರುಗಳು

ದುಡ್ಡು ಹೆಚ್ಚು ಇರುವುದು ಇಲ್ಲಿ, ತಪ್ಪಾಗುವುದೂ ಇಲ್ಲಿಯೇ.

ಮೊದಲು ಮೋಟರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗೆ ತೋರಿಸಿ. ಶಾಫ್ಟ್ ಸಲೀಸಾಗಿ ತಿರುಗುತ್ತಿದ್ದು, ಸ್ಟೇಟರಿನ (ತಂತಿ ಸುತ್ತಿದ, ತಿರುಗದ ಭಾಗದ) ತಗಡುಗಳು ಸುಟ್ಟು ಕರಗಿಲ್ಲದಿದ್ದರೆ ಅವರು ಇಡೀ ಮೋಟರಿಗೇ ಗುಜರಿಗಿಂತ ಒಳ್ಳೆಯ ಬೆಲೆ ಕೊಡಬಹುದು. ಬೇಡ ಎಂದರೆ ಮಾತ್ರ ಬಿಚ್ಚುವುದು.

6 ಇಂಚಿನ ಸಬ್‌ಮರ್ಸಿಬಲ್ ಸಾಮಾನ್ಯವಾಗಿ ನೀರು ತುಂಬಿದ್ದು, ಅದರ ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ. 4 ಇಂಚಿನದು ಹೆಚ್ಚಾಗಿ ಎಣ್ಣೆ ತುಂಬಿದ್ದು, ಎನಾಮಲ್ ತಂತಿ. ಎರಡನ್ನೂ ನಿಲ್ಲಿಸಿ ಒಳಗಿನದನ್ನು ಬಸಿದು, ತುದಿಯ ಬೋಲ್ಟು ತೆಗೆದು ರೋಟರ್ (ಒಳಗೆ ತಿರುಗುವ ಭಾಗ) ಎಳೆಯಬೇಕು. ಆಮೇಲೆ ಸ್ಟೇಟರಿನ ಹೊರಗೆ ಉಬ್ಬಿರುವ ತಂತಿಯ ಕಟ್ಟನ್ನು ಒಂದೇ ಬದಿಯಲ್ಲಿ ಉಳಿಯಿಂದ ಸಮಕ್ಕೆ ಕಡಿಯಿರಿ. ಎರಡೂ ಬದಿ ಕಡಿದರೆ ಎಳೆಯಲು ಹಿಡಿತವೇ ಉಳಿಯುವುದಿಲ್ಲ. ತಂತಿ ಕೂತಿರುವ ಸ್ಲಾಟಿನ (ಸಂದಿನ) ಬೆಣೆಗಳನ್ನು ತಟ್ಟಿ ಹೊರಹಾಕಿ, ಕಡಿಯದ ಬದಿಯಿಂದ ಕೊಕ್ಕೆ ಹಾಕಿ ಎಳೆದರೆ ನೀರು ತುಂಬಿದ ಮೋಟರಿನ ತಂತಿ ಕಂತೆ ಕಂತೆಯಾಗಿ ಬರುತ್ತದೆ. ಮಾನೋಬ್ಲಾಕಿನದು ವಾರ್ನಿಶ್ ಹಿಡಿದು ಗಟ್ಟಿಯಾಗಿರುತ್ತದೆ. ಸ್ಲಾಟಿಗಿಂತ ತೆಳುವಾದ ಕಬ್ಬಿಣದ ಸರಳು ಇಟ್ಟು ಹೊಡೆದು ಹೊರದಬ್ಬಬೇಕು.

ಬೆಂಕಿ ಹಾಕಿ ತಾಮ್ರ ಬಿಡಿಸುವುದು ಸುಲಭವಾಗಿ ಕಂಡರೂ ನಷ್ಟ. ಪಿವಿಸಿ ಉರಿದಾಗ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ, ಡಯಾಕ್ಸಿನ್ ಬರುತ್ತದೆ. ತಾಮ್ರವೂ ಕಪ್ಪಾಗಿ, ಹೊಳೆಯುವ ತಾಮ್ರದ ದರದಿಂದ ಸುಟ್ಟ ತಾಮ್ರದ ದರಕ್ಕೆ ಇಳಿಯುತ್ತದೆ. ನೀರಿನ ಮೋಟರಿನ ತಂತಿ ಒಂಟಿ, ದಪ್ಪ. ಹಲಗೆಗೆ ಓರೆಯಾಗಿ ಕೂರಿಸಿದ ಬ್ಲೇಡಿನ ಕೆಳಗೆ ಎಳೆದರೆ ಸಿಪ್ಪೆ ಸೀಳಿಕೊಂಡು ಹೋಗುತ್ತದೆ.

ಎಳೆಯುವ ಮೊದಲು ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ, ಅಷ್ಟು ಶ್ರಮ ಬೇಡ. ರೋಟರನ್ನು ಕಬ್ಬಿಣದ ರಾಶಿಗೆ ಎಸೆಯುವುದು ಬಹಳ ಜನ ಮಾಡುವ ತಪ್ಪು. ನೀರು ತುಂಬಿದ ಅನೇಕ ಸಬ್‌ಮರ್ಸಿಬಲ್‌ಗಳ ರೋಟರಿನಲ್ಲಿ ತಾಮ್ರದ ಸರಳುಗಳೇ ಇರುತ್ತವೆ. ತುದಿಯ ಬಳೆ ಕೆರೆದಾಗ ಕೆಂಪು ಕಂಡರೆ ಎರಡೂ ಬಳೆ ಗ್ರೈಂಡರಿನಿಂದ ಕತ್ತರಿಸಿ ಸರಳು ತಟ್ಟಿ ತೆಗೆಯಿರಿ. ಬಳೆಯಲ್ಲಿ ಬೆಸುಗೆ ಇರುವುದರಿಂದ ಅದು ಬೇರೆ ಚೀಲಕ್ಕೆ. ಮಾನೋಬ್ಲಾಕಿನ ರೋಟರಿನಲ್ಲಿ ಇರುವುದು ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ, ಹಾಗೇ ಮಾರುವುದು ಲೇಸು.

ಪಂಪಿನ ಭಾಗದಲ್ಲಿ ಇಂಪೆಲ್ಲರ್ ಪ್ಲಾಸ್ಟಿಕ್ಕೋ ಕಂಚೋ ನೋಡಿ. ಹಳೆಯ ಪಂಪುಗಳಲ್ಲಿ ಕಂಚಿನವು ಸಿಗುತ್ತವೆ. ಸ್ಟೇನ್‌ಲೆಸ್ ಹೊರಕವಚ ಪ್ರತ್ಯೇಕ. ಮ್ಯಾಗ್ನೆಟ್ ಹಿಡಿಯಲಿಲ್ಲ ಎಂದಾಕ್ಷಣ 304 ದರ್ಜೆಯ ಸ್ಟೀಲು ಎನ್ನಲಾಗದು, ನಿಕ್ಕಲ್ ಕಡಿಮೆ ಇರುವ 202 ಕೂಡ ಹಿಡಿಯುವುದಿಲ್ಲ. ಯಾವುದೇ ಆದರೂ ಕಬ್ಬಿಣಕ್ಕಿಂತ ಮೇಲಿನ ದರ.

ಮೇ: ವೈರು, ಹಿತ್ತಾಳೆ, ಹಂಡೆ

ವೈರು ಸುಲಿಯಬೇಕೋ ಬೇಡವೋ ಎಂಬುದನ್ನು ತಕ್ಕಡಿ ಹೇಳುತ್ತದೆ. ಒಂದು ಮೀಟರ್ ತುಂಡು ತೂಗಿ, ಸುಲಿದು, ತಾಮ್ರ ಮಾತ್ರ ಮತ್ತೆ ತೂಗಿ. 2.5 ಚದರ ಮಿ.ಮೀ. ತಂತಿಯಲ್ಲಿ ಮೀಟರಿಗೆ ಸುಮಾರು 22 ಗ್ರಾಂ ತಾಮ್ರ ಬರಬೇಕು, 1.5ರಲ್ಲಿ 13, 0.75ರಲ್ಲಿ 6.7. ಇದಕ್ಕಿಂತ ತುಂಬಾ ಕಡಿಮೆ ಬಂದರೆ ಅದು ಹೆಸರಿಗಷ್ಟೇ 2.5, ಇಲ್ಲವೇ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪ್ರಮಾಣ 65% ಬಂತು, ತಾಮ್ರದ ದರ 700 ಎಂದರೆ ಸುಲಿಯದ ವೈರಿನ ಕಿಲೋದಲ್ಲಿ 455 ರೂಪಾಯಿ ತಾಮ್ರ ಇದೆ. ಅಂಗಡಿಯವರು 420 ಕೊಟ್ಟರೆ ಸುಲಿಯುವ ಕೂಲಿ ಹುಟ್ಟುವುದಿಲ್ಲ, 330 ಎಂದರೆ ಸುಲಿಯಲೇಬೇಕು. 0.75ರಂಥ ತೆಳು ಫ್ಲೆಕ್ಸಿಬಲ್ ವೈರು ಯಾವತ್ತೂ ಕೈಯಲ್ಲಿ ಸುಲಿಯುವಂಥದ್ದಲ್ಲ. ವಿದ್ಯುತ್ ಕಂಪನಿ ಮೆಸ್ಕಾಂ ಲೈನಿನ ಅಲ್ಯೂಮಿನಿಯಂ ತಂತಿ ಒಂದು ಮೊಳವೂ ಲೋಡಿನಲ್ಲಿ ಇರಬಾರದು. ಅದು ಸಿಕ್ಕಿದರೆ ಕಳವಿನ ಮಾಲಿನ ಪ್ರಶ್ನೆ ಏಳುತ್ತದೆ.

ಬೋರ್ಡೋ ಪಂಪಿನ ಹಿತ್ತಾಳೆ ಹೆಡ್ಡಿಗೆ ಸುಣ್ಣದ ಪದರ ಕಟ್ಟಿರುತ್ತದೆ. ಹುಣಸೆ ನೀರಿನಲ್ಲಿ ರಾತ್ರಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಒಳಗಿನ ಸ್ಟೀಲ್ ಗುಂಡು, ಸ್ಪ್ರಿಂಗ್, ರಬ್ಬರ್ ತೆಗೆಯಿರಿ. ಹೊಳೆಯುವ ಹಳೇ ನಲ್ಲಿಗಳೆಲ್ಲ ಹಿತ್ತಾಳೆಯಲ್ಲ. ಅರದಿಂದ ಒಮ್ಮೆ ಉಜ್ಜಿದರೆ ಹಳದಿ ಕಂಡದ್ದು ಹಿತ್ತಾಳೆ, ಬೂದು ಕಂಡದ್ದು ಸತುವಿನ ಎರಕ.

ಹಂಡೆಯನ್ನು ಜಜ್ಜಬೇಡಿ. ಕಲಾಯಿ ಇರುವ ತಾಮ್ರಕ್ಕೆ ತೂಕದ ದರವೂ ಕಡಿಮೆ. ತೂತಿಲ್ಲದ ಹಂಡೆಗೆ ಅಡಿಕೆ ಬೇಯಿಸುವವರೂ ಹೋಂಸ್ಟೇಯವರೂ ಗಿರಾಕಿಗಳು.

ಬ್ಯಾಟರಿಯ ಆಸಿಡ್ ಚೆಲ್ಲಿ ಹಗುರ ಮಾಡುವುದು ಬೇಡ. ಮಣ್ಣೂ ಹಾಳು, ಕೊಳ್ಳುವವರೂ ಒಪ್ಪುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವುದಿದ್ದರೆ ವಿನಿಮಯದ ದರ ಮೊದಲು ಕೇಳಿ.

ತೂಕದ ದಿನಕ್ಕೆ

ತಾಮ್ರ, ಹಿತ್ತಾಳೆ ವೇ ಬ್ರಿಡ್ಜ್ (ಗಾಡಿ ಸಮೇತ ತೂಗುವ ಕಾಟಾ) ಮೇಲೆ ತೂಗಿಸಬಾರದು. ಅಲ್ಲಿಯ ಅಂಕಿ 5 ಅಥವಾ 10 ಕಿಲೋದ ಹೆಜ್ಜೆಯಲ್ಲಿ ಹೋಗುತ್ತದೆ. 37 ಕಿಲೋ ಹಿತ್ತಾಳೆ 35 ಎಂದು ತೋರಿದರೆ ಎರಡು ಕಿಲೋ ಹೋಯಿತು. ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಟೇಬಲ್ ತಕ್ಕಡಿ. ಮನೆಯಲ್ಲೇ ಪ್ರತಿ ಚೀಲ ತೂಗಿ ಮೇಲೆ ಬರೆದಿಟ್ಟಿದ್ದೇವೆ. ಕಬ್ಬಿಣ, ಬೀಡು ಮಾತ್ರ ವೇ ಬ್ರಿಡ್ಜಿಗೆ, ಒಂದು ಬಗೆ ಇಳಿಸಿದ ಮೇಲೆ ಗಾಡಿ ಮತ್ತೆ ತೂಗಿ ಇನ್ನೊಂದು ಬಗೆ ಇಳಿಸುವುದು. ತುಂಬಿದಾಗ ಡ್ರೈವರ್ ಒಳಗಿದ್ದರೆ ಖಾಲಿ ತೂಗುವಾಗಲೂ ಒಳಗಿರಬೇಕು, ನಡುವೆ ಡೀಸೆಲ್ ಹಾಕಿಸಬಾರದು.

‘ಜಿಎಸ್‌ಟಿ ಹೋಗುತ್ತೆ’ ಎಂದು ನಿಮ್ಮ ದರದಲ್ಲಿ ಕಡಿದರೆ ಒಪ್ಪಬೇಡಿ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಳ್ಳುವ ನೋಂದಾಯಿತ ವ್ಯಾಪಾರಿಯದೇ.

ಶಾಕ್ ಅಬ್ಸಾರ್ಬರ್, ಮುಚ್ಚಿದ ಡಬ್ಬಿಯಂಥದ್ದು ಲೋಡಿನಲ್ಲಿದ್ದರೆ ಬೇರೆ ಇಡಿ. ಒಳಗಿನ ಎಣ್ಣೆ, ನೀರು ಕರಗುವ ಕುಲುಮೆಯಲ್ಲಿ ಸ್ಫೋಟಿಸುತ್ತದೆ, ಹಾಗಾಗಿ ಫೌಂಡ್ರಿ ಇಡೀ ಲೋಡನ್ನೇ ವಾಪಸು ಕಳಿಸಬಹುದು.

ಬಾಕಿ ಇರುವುದು: ಟಿಲ್ಲರಿನ ಗೇರ್ ಸೆಟ್ಟಿಗೆ ಗಿರಾಕಿ, ಓಮ್ನಿ ಸಾಗಣೆ, ಪಕ್ಕದ ತೋಟದವರ ಹಳೇ ಪಂಪು ಸೇರಿಸಿ ಬೀಡಿನ ಲೋಡು ಪೂರ್ತಿ ಮಾಡುವುದು. ತಗಡು ಮಡಚಿ ಚಪ್ಪಟೆ ಮಾಡಿ ಕಟ್ಟಿದೆ. ಅದರ ದರ ಎಲ್ಲಕ್ಕಿಂತ ಕೆಳಗೆ, ಜಾಗ ಎಲ್ಲಕ್ಕಿಂತ ಹೆಚ್ಚು. ಪಿಕಪ್ಪಿನಲ್ಲಿ ಮೇಲೆ ಜಾಗ ಉಳಿದರೆ ಹೋಗುತ್ತದೆ, ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆ.