ನಂಬರ್ ಇಲ್ಲದ ಗಾಡಿ

ಪೊಲೀಸಿನವರು ಬಗ್ಗಿ, ನನ್ನ ಮಗನ ಎಲೆಕ್ಟ್ರಿಕ್ ದ್ವಿಚಕ್ರ ಗಾಡಿಯ ಹಿಂಭಾಗಕ್ಕೆ ಟಾರ್ಚ್ ಬಿಟ್ಟರು. "ಏನಮ್ಮಾ, ಇದರ ನಂಬರ್ ಎಲ್ಲಿ?" ಎಂದರು. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಒಂದು ಸ್ಟಿಕ್ಕರ್ ಇತ್ತು. ಗಾಡಿ ಕೊಂಡ ಅಂಗಡಿಯ ಹೆಸರು, ಕೆಳಗೆ ಅವರ ಮೊಬೈಲ್ ನಂಬರ್. ಬರೆಯೋಕೆ ಬೇರೇನೂ ಸಿಗದೆ ಅವರು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

2025ರ ಆಗಸ್ಟ್ 7. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ನಾನು ತುಮಕೂರಿನ ಮಂಡಿಪೇಟೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಹಬ್ಬದ ವ್ಯಾಪಾರ ಅಂದರೆ ತಲೆ ಎತ್ತೋಕೂ ಪುರುಸೊತ್ತು ಇರುವುದಿಲ್ಲ. ಏಳು ಗಂಟೆ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಆಂಟಿ, ನಿಮ್ಮ ಮಗನ ಗಾಡಿ ಒಬ್ಬರು ಅಜ್ಜಿಗೆ ತಗುಲಿದೆ. ಎಸ್.ಎಸ್. ಪುರಂಗೆ ಬೇಗ ಬನ್ನಿ" ಎಂದಳು ಒಬ್ಬ ಹುಡುಗಿ. ಪುಸ್ತಕ ಮುಚ್ಚಿದೆನೋ ಇಲ್ಲವೋ ನೆನಪಿಲ್ಲ. ಸಿಕ್ಕ ಆಟೊ ಹತ್ತಿದೆ.

ರಸ್ತೆಯ ಎರಡೂ ಬದಿ ಬಾಳೆಕಂದು, ಮಾವಿನ ಸೊಪ್ಪು, ಹೂವಿನ ರಾಶಿ. ಅದರ ನಡುವೆ ಒಂದು ಗುಂಪು. ಅಜ್ಜಿ ಚರಂಡಿ ಕಲ್ಲಿನ ಮೇಲೆ ಕೂತಿದ್ದರು. ಬಲಗೈಯ ಮಣಿಕಟ್ಟನ್ನು ಎಡಗೈಲಿ ಹಿಡಿದುಕೊಂಡಿದ್ದರು. ಅವರ ಮಂಕರಿ ಉರುಳಿ ಕಟ್ಟಿದ ಸೇವಂತಿಗೆ ಮಾರುಗಟ್ಟಲೆ ರಸ್ತೆ ಮೇಲೆ ಹರಡಿತ್ತು. ಜನ ಅದನ್ನು ತುಳಿಯದ ಹಾಗೆ ದಾಟಿಕೊಂಡು ಹೋಗುತ್ತಿದ್ದರು. ನನ್ನ ಮಗ ಪಕ್ಕದಲ್ಲಿ ನಿಂತಿದ್ದ. ಮೊಣಕಾಲು ತರಚಿತ್ತು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಅವನಿಗೆ ಇನ್ನೂ ಹದಿನೈದು ವರ್ಷ.

"ಗಾಡಿ ಬಂದ ಸದ್ದೇ ಆಗ್ಲಿಲ್ಲ ಕಣವ್ವಾ" ಎಂದರು ಅಜ್ಜಿ. ಬೈಯಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದರು. "ಕಿವಿ ಚೆನ್ನಾಗೇ ಐತೆ ನಂಗೆ. ಸದ್ದೇ ಇರ್ಲಿಲ್ಲ."

ಫೋನ್ ಮಾಡಿದ್ದ ಹುಡುಗಿ ಕಾಲೇಜಿನವಳು. ಅಜ್ಜಿಗೆ ನೀರು ಕುಡಿಸಿ, ಸೆರಗು ಸರಿ ಮಾಡಿ, ಪೊಲೀಸರು ಬಂದಾಗ ಸ್ವಲ್ಪ ಹಿಂದೆ ಸರಿದಳು. ಹೆಸರು ಬರೆಸಿದರೆ ಸ್ಟೇಷನ್ನಿಗೆ ಅಲೆಯಬೇಕು ಅನ್ನೋ ಭಯ. ಪೊಲೀಸಿನವರೇ, "ಇಷ್ಟ ಇದ್ರೆ ಹೇಳಮ್ಮ, ಇಲ್ಲಾಂದ್ರೆ ಹೋಗು, ಬಲವಂತ ಇಲ್ಲ" ಎಂದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಇದಕ್ಕೆಂದೇ ಒಂದು ಕಲಂ ಸೇರಿದೆಯಂತೆ. ಅಪಘಾತದಲ್ಲಿ ಬಿದ್ದವರನ್ನು ಎತ್ತಿದವರಿಗೆ ತೊಂದರೆ ಕೊಡುವ ಹಾಗಿಲ್ಲ. ಆ ಹುಡುಗಿ ಹೆಸರು ಹೇಳಿಯೇ ಹೋದಳು.

ಆ ಗಾಡಿ ನಮ್ಮ ಮನೆಗೆ ಹೇಗೆ ಬಂತು ಅಂತ ಹೇಳಲೇಬೇಕು. ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ, ಟ್ಯೂಷನ್ ಎಸ್.ಎಸ್. ಪುರಂನಲ್ಲಿ. ಯಜಮಾನರಿಗೆ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ. ಕರೆದುಕೊಂಡು ಹೋಗಿ ಬರುವವರು ಯಾರೂ ಇಲ್ಲ. ಮೇ ತಿಂಗಳಲ್ಲಿ ಎಲೆಕ್ಟ್ರಿಕ್ ಗಾಡಿ ಮಾರುವ ಒಂದು ಅಂಗಡಿಗೆ ಹೋದೆವು. "ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ, ಹೆಲ್ಮೆಟ್ಟೂ ಕಡ್ಡಾಯ ಅಲ್ಲ. ಸೈಕಲ್ ಇದ್ದ ಹಾಗೆ ಅಮ್ಮ" ಎಂದರು. ಆ ನಾಲ್ಕು 'ಬೇಡ'ಗಳು ನಮಗೆ ಅನುಕೂಲವಾಗಿದ್ದವು. ಅದಕ್ಕೇ ನಂಬಿದೆವು.

ಹಣ ಕಟ್ಟಿದ ಮೇಲೆ ಅಲ್ಲಿನ ಹುಡುಗ ಇನ್ನೊಂದು ಮಾತು ಹೇಳಿದ. "ಇದಕ್ಕೆ 25ಕ್ಕೆ ಲಾಕ್ ಇದೆ. ಬಿ.ಎಚ್. ರೋಡಲ್ಲಿ ಅಷ್ಟು ನಿಧಾನ ಹೋದ್ರೆ ಹಿಂದಿಂದ ಬಸ್ಸು ಲಾರಿ ಬಂದು ಒತ್ತುತ್ತವೆ. ತೆಗೆದು ಕೊಡ್ತೀನಿ, ದುಡ್ಡೇನೂ ಬೇಡ." ಸೀಟು ಎತ್ತಿದ. ಒಳಗೆ ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಅದರಿಂದ ಬಣ್ಣಬಣ್ಣದ ವೈರುಗಳ ಕಟ್ಟು. ಅದರಲ್ಲಿ ಒಂದು ಸಣ್ಣ ಬಿಳಿ ವೈರನ್ನು ಬೆರಳಲ್ಲಿ ಹುಡುಕಿ, ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿದ. ಎರಡು ನಿಮಿಷದ ಕೆಲಸ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಗಾಡಿ 42ರವರೆಗೆ ಓಡತೊಡಗಿತು. ಮಗನಿಗೆ ಖುಷಿಯಾಯಿತು, ನನಗೂ ಸಮಾಧಾನವಾಯಿತು.

ಆ ಬಿಳಿ ವೈರು ಏನು ಅಂತ ನನಗೆ ಗೊತ್ತಾಗಿದ್ದು ಸ್ಟೇಷನ್ನಿನಲ್ಲಿ. ಡಿಎಲ್ ಕೇಳಿದರು, ಇಲ್ಲ. ಆರ್‌ಸಿ ಕೇಳಿದರು, ಇಲ್ಲ. ಇನ್ಶೂರೆನ್ಸ್, ಅದೂ ಇಲ್ಲ. "ಇದಕ್ಕೆ ಯಾವುದೂ ಬೇಕಾಗಿಲ್ಲ ಸರ್" ಅಂತ ನಾನು ಧೈರ್ಯವಾಗಿಯೇ ಹೇಳಿದೆ. ಅವರು ಮಗನ ಕಡೆ ತಿರುಗಿ, "ಎಷ್ಟು ಸ್ಪೀಡ್ ಹೋಗುತ್ತಪ್ಪಾ?" ಎಂದರು. ಅವನು ಸುಳ್ಳು ಹೇಳಲಿಲ್ಲ.

"ಹಾಗಾದ್ರೆ ಇದು ಸೈಕಲ್ ಅಲ್ಲಮ್ಮ, ಮೋಟಾರ್ ಗಾಡಿ. ಡಿಎಲ್ಲೂ ಬೇಕು, ನಂಬರೂ ಬೇಕು, ಇನ್ಶೂರೆನ್ಸೂ ಬೇಕು. ಓಡಿಸಿದವನು ಮೈನರ್. ಕೈಗೆ ಕೊಟ್ಟವರು ನೀವು" ಎಂದರು. ಮೈನರ್ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಅಂತ ಕಾನೂನು 2019ರಿಂದ ಹೇಳುತ್ತದೆ. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನನ್ನ ಕಾಲು ನಡುಗಿತು. ಅಜ್ಜಿಯ ಮಗ ಬಂದು, ಆಸ್ಪತ್ರೆ ಖರ್ಚು ನೋಡಿಕೊಂಡರೆ ಸಾಕು, ಕಂಪ್ಲೇಂಟ್ ಬೇಡ ಎಂದರು. ಅದು ಅವರ ದೊಡ್ಡತನ. ನಮಗೆ ಅದನ್ನು ಕೇಳುವ ಹಕ್ಕಿರಲಿಲ್ಲ.

ಎಕ್ಸ್-ರೇ ಆಯಿತು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಸಾಲಿನಲ್ಲಿ ಕೂತಿದ್ದಾಗ ಅಜ್ಜಿ ನನ್ನ ಮಗನಿಗೆ ಹೇಳಿದರು. "ನಮ್ಮೂರಲ್ಲಿ ಎತ್ತಿನ ಕೊರಳಿಗೆ ಗೆಜ್ಜೆ ಕಟ್ತಿದ್ರು ಕಣೋ ಮಗ. ಕತ್ತಲಲ್ಲಿ ಗಾಡಿ ಬರೋದು ಗೊತ್ತಾಗ್ಲಿ ಅಂತ. ನಿನ್ ಗಾಡಿಗೆ ಏನೈತೆ?" ಅವನು ತಲೆ ತಗ್ಗಿಸಿ ಕೂತ.

ಮನೆಗೆ ಬಂದು ಗಾಡಿ ಜೊತೆ ಕೊಟ್ಟಿದ್ದ ಕಾಗದಗಳನ್ನು ಹರಡಿಕೊಂಡೆ. ಲೆಕ್ಕದ ಕಣ್ಣು ನನ್ನದು, ಮೂರು ತಿಂಗಳು ಮೊದಲೇ ಓದಬೇಕಿತ್ತು. ಸರ್ಟಿಫಿಕೇಟಿನ ಜೆರಾಕ್ಸ್ ಇಂಗ್ಲಿಷಿನಲ್ಲಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಇಂಥ ಗಾಡಿಗೆ ಒಂದು ವಿನಾಯಿತಿ ಇದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷೆ ಮಾಡಿ ಇದನ್ನು ಒಪ್ಪಬೇಕು. ಇದೆಲ್ಲಾ ಇದ್ದರೆ ಮಾತ್ರ ಅದು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ ಅಲ್ಲ. ಅಂಗಡಿಯವರು ಹೇಳಿದ ನಾಲ್ಕು 'ಬೇಡ'ಗಳೂ ನಿಜವೇ, ಆದರೆ ಆ ವೈರು ಕತ್ತರಿಸುವವರೆಗೆ ಮಾತ್ರ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಕಾಗದದ ಹಿಂದೆ ಲೆಕ್ಕ ಮಾಡಿದೆ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ ಅಂತ ಮಗನ ವಿಜ್ಞಾನದ ಪಾಠದಲ್ಲೇ ಇದೆ. 25ರ ಬದಲು 42ಕ್ಕೆ ಹೋದರೆ ಸುಮಾರು 2.8 ಪಟ್ಟು. ಬ್ರೇಕ್ ಅದೇ, ಟೈರ್ ಅದೇ. ಅವನು 30ರ ಆಸುಪಾಸಿನಲ್ಲಿ ಇದ್ದನಂತೆ, ಬ್ರೇಕನ್ನೂ ಹಿಡಿದನಂತೆ. ಅಷ್ಟಕ್ಕೇ ಒಂದು ಮೂಳೆ ಹೋಯಿತು.

ಮುಂದಿನ ವಾರ ಆರ್‌ಟಿಒ ಕಚೇರಿಗೂ ಹೋದೆ. ಅಲ್ಲೊಬ್ಬರು ಸಮಾಧಾನವಾಗಿ ಕೂರಿಸಿ ಹೇಳಿದರು. ಗಾಡಿಯನ್ನು ಹೀಗೆ ಬದಲಾಯಿಸಿ ಮಾರಿದ ಡೀಲರ್‌ಗೆ ಒಂದು ಗಾಡಿಗೆ 1 ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲು ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ತಾನೇ ಬದಲಾಯಿಸಿಕೊಂಡ ಮಾಲೀಕರಿಗೂ ಶಿಕ್ಷೆ ಇದೆ. "ಆದ್ರೆ ನಂಬರ್ ಇಲ್ಲದ ಗಾಡೀನ ಎಲ್ಲಿ ಅಂತ ಹುಡುಕೋದಮ್ಮ? ಅದು ನಮ್ಮ ಯಾವ ರಿಜಿಸ್ಟರಲ್ಲೂ ಇರಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಅಂಗಡಿಯಲ್ಲಿ ಪುಸ್ತಕಕ್ಕೆ ಬರದ ಸರಕು ಕಳೆದುಹೋದರೆ ಅದಕ್ಕೆ ಲೆಕ್ಕ ಕೊಡುವವರು ಯಾರೂ ಇರುವುದಿಲ್ಲ.

ನಮ್ಮ ಮೋಟಾರು ವಾಹನ ಕಾಯ್ದೆ 1988ರದ್ದು. ಆಗ ಗಾಡಿ ಅಂದರೆ ಪೆಟ್ರೋಲು, ಡೀಸೆಲ್ಲು. ಎಂಜಿನ್ನಿನ ಅಳತೆ ಅಂದರೆ ಸಿಸಿ. 16 ವರ್ಷದ ಮಕ್ಕಳು 50 ಸಿಸಿವರೆಗಿನ ಗಾಡಿ ಓಡಿಸಬಹುದು ಅಂತ ಈಗಲೂ ಅದರಲ್ಲಿದೆ. ಬ್ಯಾಟರಿ ಗಾಡಿಗೆ ಸಿಸಿ ಎಲ್ಲಿಂದ ಬರಬೇಕು? ಪ್ರತಿ ಸಲವೂ ಗಾಡಿ ಮೊದಲು ಬರುತ್ತದೆ, ಕಾನೂನು ಆಮೇಲೆ ಬರುತ್ತದೆ. ದೆಹಲಿಯ ಬೀದಿಗಳಲ್ಲಿ ಇ-ರಿಕ್ಷಾಗಳು ತುಂಬಿ, 2014ರಲ್ಲಿ ಅಲ್ಲಿನ ಹೈಕೋರ್ಟ್ ತಡೆದ ಮೇಲೆ, 2015ರಲ್ಲಿ ಅವನ್ನು ಕಾಯ್ದೆಗೆ ಸೇರಿಸಿದರು. ಆ್ಯಪ್ ಕ್ಯಾಬುಗಳು ಊರೆಲ್ಲ ಓಡಿದ ಮೇಲೆ 2019ರಲ್ಲಿ ಆ ಕಂಪನಿಗಳಿಗೆ ಲೈಸೆನ್ಸಿನ ಮಾತು ಕಾಯ್ದೆಯೊಳಗೆ ಬಂತು.

ನಡುವೆ ಸಿಕ್ಕಿಬೀಳುವವರು ದುಡಿದು ತಿನ್ನುವವರೇ. ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದ. 2021ರಲ್ಲಿ ನಮ್ಮ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಒಂದು ಯೋಜನೆ ತಂದಿತು. 2024ರ ಮಾರ್ಚಿನಲ್ಲಿ ವಾಪಸ್ ತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್, ಸರಿಯಾದ ನಿಯಮ ಬರುವವರೆಗೆ ಓಡಿಸುವ ಹಾಗಿಲ್ಲ ಎಂದಿತು. ಜೂನ್ 16ಕ್ಕೆ ಅವನ ಬೈಕು ನಿಂತಿತು. ಸಾಲದ ಕಂತು ನಿಲ್ಲಲಿಲ್ಲ. ಹಬ್ಬಕ್ಕೆ ಊರಿಗೆ ಬಂದಿದ್ದವನು, "ಅತ್ತೆ, ಸರಿ ಅಂತಾನಾದ್ರೂ ಹೇಳ್ಲಿ, ತಪ್ಪು ಅಂತಾನಾದ್ರೂ ಹೇಳ್ಲಿ. ನಡುವೆ ನಿಲ್ಲಿಸಬಾರದು ಅಲ್ವಾ?" ಎಂದ. ನನಗೆ ಹೂವಿನ ಅಜ್ಜಿಯ ನೆನಪಾಯಿತು. ಅವರೂ ನಡುವೆಯೇ ನಿಂತಿದ್ದರು.

ಯಾಕೆ ಅಂತ ಹೇಳುತ್ತೇನೆ. ಅಜ್ಜಿಯ ಜೀವನ ಇರುವುದೇ ಎರಡು ಕೈಯಲ್ಲಿ. ಒಂದು ಕೈಯಲ್ಲಿ ಹೂವಿನ ತೊಟ್ಟು ಜೋಡಿಸಬೇಕು, ಇನ್ನೊಂದರಲ್ಲಿ ಬಾಳೆನಾರು ಸುತ್ತಿ ಗಂಟು ಎಳೆಯಬೇಕು. ಶ್ರಾವಣದಿಂದ ಗೌರಿ ಗಣೇಶದವರೆಗೆ ವರ್ಷದ ಒಳ್ಳೇ ದುಡಿಮೆ. ಆ ದುಡಿಮೆಯ ದಿನಗಳಲ್ಲೇ ಕೈ ಪ್ಲಾಸ್ಟರಿನಲ್ಲಿತ್ತು. ಯಾವುದೋ ಹಳೇ ಮೊಪೆಡ್ ಗುದ್ದಿದ್ದರೂ ಅದಕ್ಕೆ ನಂಬರ್ ಇರುತ್ತಿತ್ತು. ಮೂರನೆಯವರಿಗೆ ಆದ ಹಾನಿಗೆ ವಿಮೆ ಮಾಡಿಸುವುದು ಅಂಥ ಪ್ರತಿ ಗಾಡಿಗೂ ಕಡ್ಡಾಯ. ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋಗಿ, ನನ್ನ ಇಷ್ಟು ದಿನದ ಸಂಪಾದನೆ ಹೋಯಿತು ಅಂತ ಕೇಳಬಹುದಿತ್ತು. ನಮ್ಮ ಗಾಡಿಗೆ ಕೊಡುವ ಕಂಪನಿಯೇ ಇಲ್ಲ. ನಾವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗುದ್ದಿದವನು ನಿಲ್ಲದೆ ಹೋಗಿದ್ದರೆ ಹುಡುಕೋಕೂ ಆಗುತ್ತಿರಲಿಲ್ಲ.

ವೈರು ಕತ್ತರಿಸದ ಗಾಡಿಗೂ ಇದೇ ಪಾಡು, ಇದು ನನಗೆ ಜಾಸ್ತಿ ನೋವು ಕೊಡುವ ವಿಷಯ. 24 ಕಿಲೋಮೀಟರ್ ವೇಗದಲ್ಲಿ ಬಂದು ತಗುಲಿದರೂ ಮುದುಕರು ಬೀಳುತ್ತಾರೆ. ಓಡಿಸುವವರಿಗೆ ಬೇಕಾದ್ದು, ಬೇಡದ್ದು ಏನೇನು ಅಂತ ನಿಯಮ ಬರೆದವರು ಯೋಚಿಸಿದ್ದಾರೆ. ಎದುರಿಗೆ ನಡೆದುಕೊಂಡು ಹೋಗುವವರನ್ನು ನೆನೆಸಿಕೊಂಡಿಲ್ಲ. ಈ ಗಾಡಿಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಪೆಟ್ರೋಲಿನ ಖರ್ಚಿಲ್ಲ, ಹೊಗೆ ಇಲ್ಲ. ವಯಸ್ಸಾದವರು, ಸಣ್ಣ ವ್ಯಾಪಾರದವರು ಎಷ್ಟೋ ಜನಕ್ಕೆ ಆಸರೆ ಆಗಿವೆ. ಅವರನ್ನು ಆರ್‌ಟಿಒ ಬಾಗಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದೂ ಬೇಡ. ಆದರೆ ಮಾರುವಾಗಲೇ ಒಂದು ನಂಬರ್ ಅಂಟಿಸಿ, ಬೆಲೆಯಲ್ಲೇ ವಿಮೆ ಸೇರಿಸೋಕೆ ಏನು ಕಷ್ಟ? ಹೆಲ್ಮೆಟ್ ಕಡ್ಡಾಯ ಮಾಡಲಿ, ಓಡಿಸುವ ವಯಸ್ಸು ಇಷ್ಟು ಅಂತ ಬರೆಯಲಿ. ವೇಗದ ಲಾಕನ್ನು ಪ್ಲೇಯರ್‌ನಿಂದ ಬಿಚ್ಚೋಕೆ ಆಗದ ಹಾಗೆ ಕಂಪನಿಯಲ್ಲೇ ಕೂರಿಸಲಿ. ಸರ್ಟಿಫಿಕೇಟ್ ಕನ್ನಡದಲ್ಲಿ ಕೊಡಲಿ.

ಅಂಗಡಿಗೂ ಹೋಗಿದ್ದೆ. ಲಾಕ್ ತಿರುಗಿ ಹಾಕಿ ಎಂದೆ. "ಯಾಕಮ್ಮ, ಎಲ್ಲರೂ ತೆಗೆಸ್ತಾರೆ" ಎಂದರು. ಆ ವೈರು ಬೆಸುಗೆ ಹಾಕುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ. ಗಾಡಿ ಈಗ ಮನೆ ಮುಂದೆ ಟಾರ್ಪಾಲಿನ ಕೆಳಗಿದೆ. ಮಗ ಸಿಟಿ ಬಸ್ಸಲ್ಲಿ ಓಡಾಡುತ್ತಾನೆ. ಮನೆಗೆ ಬರೋದು ಲೇಟಾಗುತ್ತದೆ, ಆಗಲಿ.

ಗೌರಿ ಹಬ್ಬದವರೆಗೆ ಅವನು ದಿನಾ ಸಂಜೆ ಟ್ಯೂಷನ್ ಮುಗಿಸಿ ಅಜ್ಜಿಯ ಮನೆಗೆ ಹೋಗಿ ಕೂರುತ್ತಿದ್ದ. ಮೊದಲ ದಿನ ಕಟ್ಟಿದ ಕನಕಾಂಬರ ಎತ್ತಿದರೆ ಉದುರುತ್ತಿತ್ತು. "ನಾರು ಒದ್ದೆ ಮಾಡ್ಕೋ. ಎರಡು ಸುತ್ತು ಸುತ್ತಿ ಎಳಿ. ತೊಟ್ಟು ಮುರಿಬಾರ್ದು" ಅಂತ ಅಜ್ಜಿ ಎಡಗೈಲಿ ತೋರಿಸುತ್ತಿದ್ದರು. ಹತ್ತು ದಿನದಲ್ಲಿ ಗಂಟೆಗೆ ನಾಲ್ಕು ಮೊಳ ಕಟ್ಟುವಷ್ಟಾದ. ಅಜ್ಜಿ ಗಂಟೆಗೆ ಇಪ್ಪತ್ತು ಮೊಳ ಕಟ್ಟುತ್ತಿದ್ದವರು.

ಸಾರಿಗೆ ಇಲಾಖೆಗೆ ನಾನೊಂದು ಅರ್ಜಿ ಬರೆದೆ, ಎರಡು ಪುಟ. ನಡೆದದ್ದು, ಆಗಬೇಕಾದ್ದು ಎರಡನ್ನೂ ಬರೆದೆ. ಅಜ್ಜಿಗೆ ಓದಿ ಹೇಳಿ, "ನಿಮ್ಮದೂ ಒಂದು ಹೆಬ್ಬೆಟ್ಟು ಇರಲಿ ಅಜ್ಜಿ" ಅಂದೆ. ಅವರು ಕಾಗದವನ್ನು ನನ್ನ ಕೈಗೇ ಕೊಟ್ಟರು. "ಹೆಬ್ಬೆಟ್ಟು ಯಾಕೆ? ನನ್ ಹೆಸ್ರು ಬರಿಯೋಕೆ ನಂಗೆ ಬತ್ತದೆ. ಪ್ಲಾಸ್ಟರ್ ಬಿಚ್ಲಿ, ಇರು."

ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನ ಹೋದೆ. ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು, ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲ್ಕು ಅಕ್ಷರಕ್ಕೆ ಐದು ನಿಮಿಷ ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಅವರ ಹೆಸರು ಬರೆದರು.