ಹೋಗು ಎಂದರೆ ಹೋಗುವ ಸಮುದ್ರ

ಮೂರು ದಿನ ಸಮುದ್ರದ ದಂಡೆಯಲ್ಲಿದ್ದು ಬಂದೆವು. ಮಗಳಿಗೆ ಆರು ವರ್ಷ, ಮಗನಿಗೆ ಈಗಷ್ಟೇ ಮೂರು ತುಂಬಿದೆ. ಜೊತೆಗೆ ನಮ್ಮತ್ತೆ. ಹೊರಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಸೂರ್ಯಾಸ್ತ, ಉದ್ದಕ್ಕೂ ಬರಿಗಾಲಿನ ನಡಿಗೆ, ಒಂದಿಷ್ಟು ಫೋಟೋ. ಈಗ ನೆನೆದುಕೊಂಡರೆ ಸೂರ್ಯ ಮುಳುಗಿದ್ದನ್ನು ಒಂದು ಸಂಜೆಯೂ ನಿಂತು ನೋಡಿದ ನೆನಪಿಲ್ಲ. ಮಕ್ಕಳ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ ಒಂದು ಚಾಪೆಯಷ್ಟಗಲದ ಮರಳು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲ ದಿನ ಮಗ ನೆಲಕ್ಕೆ ಕಾಲೂರಲಿಲ್ಲ. ಚಿತ್ರದಲ್ಲಿ ನೋಡಿದ ಸಮುದ್ರ ಸುಮ್ಮನಿರುತ್ತದೆ. ಇದು ಸದ್ದು ಮಾಡುತ್ತದೆ, ಎದ್ದು ನಿಲ್ಲುತ್ತದೆ, ನಮ್ಮ ಕಡೆಗೇ ಬರುತ್ತದೆ. "ಅಮ್ಮಾ, ಸಮುದ್ರ ಓಡ್ಕೊಂಡು ಬರ್ತಿದೆ!" ಎಂದು ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದ. ಅವನ ಎದೆ ಹೊಡೆದುಕೊಳ್ಳುವುದು ನನ್ನ ಭುಜಕ್ಕೆ ತಾಕುತ್ತಿತ್ತು. ಏನೂ ಆಗಲ್ಲ ಕಂದ, ಎಂದು ಹತ್ತು ಸಲ ಹೇಳಿದೆ. ಮೂರು ವರ್ಷದವನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದಾಗಲೇ ನನಗೆ ಗೊತ್ತಾಗಿದ್ದು: ನನ್ನ ಮೊಣಕಾಲಿಗೆ ಬರುವ ಅಲೆ ಅವನ ಎದೆಮಟ್ಟದ ಗೋಡೆ. ಅವನ ಭಯದಲ್ಲಿ ತಪ್ಪೇನೂ ಇರಲಿಲ್ಲ.

ಅವನನ್ನು ಸಮುದ್ರಕ್ಕೆ ಪರಿಚಯ ಮಾಡಿಸಿದ್ದು ನಮ್ಮತ್ತೆ. ಎರಡನೆಯ ದಿನ ಬೆಳಿಗ್ಗೆ, ಮಂಡಿ ನೋವಿದ್ದರೂ, ಅಲೆಯ ಕೊನೆಯ ನೊರೆ ಬಂದು ಮುಟ್ಟುವ ಜಾಗ ನೋಡಿಕೊಂಡು ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನೊರೆ ಬಂದು ಅಜ್ಜಿಯ ಪಾದ ತೊಳೆದು ಹಿಂದೆ ಸರಿಯಿತು. "ನೋಡಿದ್ಯೇನೋ, ಬಂದ ಹಾಗೇ ಹೋಯ್ತು. ಇನ್ನೊಂದು ಬರುತ್ತೆ, ಅದೂ ಹೋಗುತ್ತೆ. ಬೇಕಾದ್ರೆ ನೀನೇ ಹೇಳು ಅದಕ್ಕೆ, ಹೋಗು ಅಂತ."

ಅವನು ಮೆಲ್ಲಗೆ ಹೇಳಿದ, "ಹೋಗು." ಅಲೆ ಹೋಯಿತು.

ಆಮೇಲಿನ ಒಂದು ಗಂಟೆ ಆ ದಂಡೆಯಲ್ಲಿ ಅವನದೇ ಆಳ್ವಿಕೆ. ತೊಡೆಯಿಂದ ಇಳಿದ, ಅಜ್ಜಿಯ ಬೆರಳು ಹಿಡಿದು ನಿಂತ, ಆಮೇಲೆ ಬೆರಳನ್ನೂ ಬಿಟ್ಟ. ಕೈ ಮುಂದೆ ಮಾಡಿ "ಹೋಗು!" ಎಂದು ಕೂಗುವುದು, ಅಲೆ ಹಿಂದೆ ಸರಿದರೆ ತಿರುಗಿ ನಮ್ಮೆಲ್ಲರ ಮುಖ ನೋಡುವುದು. ಹಿಂದಕ್ಕೆ ಹೋಗುವ ನೀರು ಹಿಮ್ಮಡಿಯ ಸುತ್ತಲಿನ ಮರಳನ್ನು ಕೊರೆದುಕೊಂಡು ಹೋಗುತ್ತದಲ್ಲ, ಕಾಲಡಿಯಲ್ಲಿ ನೆಲ ಜಾರಿದ ಹಾಗಾಗುತ್ತದೆ. ಮೊದಲ ಸಲ ಹಾಗಾದಾಗ ಅವನ ಮುಖ ಅಳುವ ಹಾಗಾಯಿತು. ಅಜ್ಜಿ "ಕಚಗುಳಿ ಇಡ್ತಿದೆ ಕಣೋ" ಎಂದಿದ್ದೇ ತಡ, ಹೊಟ್ಟೆಯಿಂದ ಬಂದ ನಗು. ಪಾದ ಮರಳಲ್ಲಿ ಹೂತು ಕಾಣದಾದಾಗ "ನನ್ ಕಾಲೆಲ್ಲಿ?" ಎಂದು ಕೇಳಿದ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಮಗಳ ಲೋಕ ಬೇರೆ. ಅವಳಿಗೆ ಮನೆ ಕಟ್ಟಬೇಕು. ಒಣ ಮರಳು ಜರಿಯಿತು, ನೀರು ಸುರಿದು ಕಲಸಿದ್ದು ಹರಿದುಹೋಯಿತು. ಬರೀ ಹಸಿಯಾಗಿದ್ದ ಮರಳು ಮಾತ್ರ ನಿಂತಿತು. ಕಣ ಕಣದ ನಡುವೆ ಉಳಿದ ಚೂರು ನೀರೇ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ ಎಂದು ಅವಳಪ್ಪ ವಿವರಿಸುವ ಹೊತ್ತಿಗೆ ಅವಳು ಅದನ್ನು ಬೆರಳಿನಲ್ಲೇ ಕಲಿತಾಗಿತ್ತು. ನಾನು ಚೊಂಬು ಎತ್ತಿದರೆ ಸಾಕು, "ಜಾಸ್ತಿ ಹಾಕ್ಬೇಡಮ್ಮ, ಸಾಕು ಸಾಕು" ಎನ್ನುತ್ತಿದ್ದಳು. ಮನೆಯ ಪಕ್ಕ ಬಾವಿ ತೋಡಿದಳು. ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದಾಗ ತಳದಲ್ಲಿ ನೀರು ಜಿನುಗಿತು. "ಸಮುದ್ರ ಕೆಳಗಿನಿಂದಲೂ ಬರುತ್ತಾ?" ಎಂದು ಪಿಸುಗುಟ್ಟಿದಳು.

ಆ ಮನೆಯನ್ನು ಮೊದಲ ಸಂಜೆ ಐದರ ಸುಮಾರಿಗೆ ಉಬ್ಬರ ಬಂದು ಒಯ್ದಿತು. ಮರುದಿನ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿ, ಐದಕ್ಕೇ ಸರಿಯಾಗಿ ಕಾವಲು ಕೂತಳು. ನೀರು ಬರಲಿಲ್ಲ. ಬಂದಾಗ ಆರು ಗಂಟೆ ಹತ್ತಿರ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನೆ, ಉಬ್ಬರವೂ ಅವನ ಹಿಂದೆಯೇ ಅಷ್ಟು ತಡವಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಾಳೆ ನನ್ನ ಮನೆ ಇನ್ನೂ ಜಾಸ್ತಿ ಹೊತ್ತು ಇರುತ್ತೆ" ಎಂದಳು. ಕುಸಿಯುವ ಗೋಡೆ ನೋಡಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

ಅದೇ ಮಧ್ಯಾಹ್ನದ ಒಂದು ಗಳಿಗೆಯನ್ನು ಹೇಳದೆ ಬಿಡಲಾರೆ. ಅಲೆ ಅವಳ ಬಕೆಟನ್ನು ಎಳೆದುಕೊಂಡಿತು, ಅವಳು ಅದರ ಹಿಂದೆ ಹೋದಳು. ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ಆದರೆ ಹಿಂದೆ ಸರಿಯುವ ನೀರಿನ ಸೆಳೆತಕ್ಕೆ ಅಷ್ಟು ಸಾಕು. ಕಾಲು ತಪ್ಪಿ ಬಿದ್ದಳು, ಇನ್ನೊಂದು ಅಲೆ ಮೇಲೆ ಬಂತು. ನಮ್ಮವರು ಎರಡೇ ಹೆಜ್ಜೆಯಲ್ಲಿ ಹೋಗಿ ತೋಳು ಹಿಡಿದೆತ್ತಿದರು. ಮೂಗಿಗೆ ಉಪ್ಪುನೀರು ಹೋಗಿ ಕೆಮ್ಮಿದಳು, ಅಷ್ಟೇ. ಆ ಕ್ಷಣದಲ್ಲಿ ನಾನು ಮಗನ ಟೋಪಿ ಸರಿಮಾಡುತ್ತಿದ್ದೆ. ಅಂದಿನಿಂದ ನಮ್ಮಲ್ಲೊಬ್ಬರು ನೀರಿನಂಚಿನಲ್ಲಿ ನಿಂತು ಮಕ್ಕಳನ್ನು ನೋಡುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಫೋನು ಚೀಲದಲ್ಲೇ ಉಳಿಯಿತು. ಫೋಟೋ ಕಡಿಮೆ ಇರುವುದು ಅದಕ್ಕೇ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೂರನೆಯ ಬೆಳಿಗ್ಗೆ ಇಳಿತದ ಹೊತ್ತು, ನೀರು ದೂರ ಸರಿದಿತ್ತು. ಬಂಡೆಗಳ ಮಧ್ಯದ ಹೊಂಡಗಳಲ್ಲಿ ಮಗಳು ಚಿಪ್ಪು ಆರಿಸಿದಳು. ಕೆಲವು ಚಿಪ್ಪುಗಳಲ್ಲಿ ಸೂಜಿ ಪೋಣಿಸಲು ಮಾಡಿದಂಥ ದುಂಡನೆಯ ತೂತು. "ಸರಕ್ಕೆ ಅಂತ ಯಾರು ತೂತು ಮಾಡಿಟ್ರು?" ಎಂದು ಕೇಳಿದಳು. ಒಂದು ಬಗೆಯ ಕಡಲ ಬಸವನಹುಳು ಚಿಪ್ಪಿನ ಮೇಲೆ ಆಮ್ಲ ಸುರಿಸಿ, ಹಲ್ಲಿರುವ ನಾಲಿಗೆಯಿಂದ ಕೆರೆದು ತೂತು ಕೊರೆದು, ಒಳಗಿನ ಜೀವವನ್ನು ತಿನ್ನುತ್ತದೆ. ಹೇಳಲೋ ಬೇಡವೋ ಅನಿಸಿತು. ಹೇಳಿದೆ. ಆ ಚಿಪ್ಪನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, ಉಳಿದವುಗಳ ಜೊತೆ ಹಾಕದೆ ಜೇಬಿನಲ್ಲಿ ಬೇರೆಯಾಗಿ ಇಟ್ಟುಕೊಂಡಳು.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಕೋಣೆಯ ಮೂಲೆಯಲ್ಲಿ ಕರಕರ ಸದ್ದು. ದೀಪ ಹಾಕಿದೆವು. ಬಕೆಟಿನ ತಳದ ಚೂರು ಉಪ್ಪುನೀರಿನಲ್ಲಿ, ಸುರುಳಿ ಚಿಪ್ಪೊಂದು ತಾನಾಗಿ ನಡೆಯುತ್ತಿತ್ತು. ಕೆಳಗಿನಿಂದ ಕೂದಲಿನಷ್ಟು ತೆಳ್ಳಗಿನ ಕಾಲುಗಳು. ಸತ್ತ ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ಸೇರಿಕೊಂಡು ಬದುಕುವ ಏಡಿ. ಮಗಳು ಎದ್ದು ಕೂತಳು. "ಅಯ್ಯೋ, ಅದರ ಮನೆ ಸಮೇತ ತಂದ್ಬಿಟ್ಟಿದೀನಿ." ಬೆಳಿಗ್ಗೆ ಬಿಟ್ಟರಾಯಿತು ಎಂದರೆ ಕೇಳಲಿಲ್ಲ. ಕಣ್ಣಲ್ಲಿ ನೀರು.

ಹತ್ತು ಗಂಟೆ ರಾತ್ರಿಯಲ್ಲಿ ಟಾರ್ಚ್ ಹಿಡಿದು ಐದೂ ಜನ ಹೊರಟೆವು, ನಿದ್ದೆಗಣ್ಣಿನ ಮಗ ನನ್ನ ಸೊಂಟದ ಮೇಲೆ. ಉಬ್ಬರ ಇಳಿಯುತ್ತಿತ್ತು. ಬೆಳಗಿನ ಹೊಂಡದ ಹತ್ತಿರ ಮಗಳು ಬಗ್ಗಿ ಅದನ್ನು ಒದ್ದೆ ಮರಳಿನ ಮೇಲಿಟ್ಟಳು. ಅದು ಅಲ್ಲಾಡಲಿಲ್ಲ. "ನಮ್ಮ ಬೆಳಕಿಗೆ ಹೆದರಿರಬೇಕು" ಎಂದರು ಅತ್ತೆ. ಟಾರ್ಚ್ ಆರಿಸಿ, ಕತ್ತಲಲ್ಲಿ ಅಲೆಯ ಸದ್ದು ಕೇಳುತ್ತಾ ನಿಂತೆವು. ಮತ್ತೆ ಬೆಳಕು ಬಿಟ್ಟಾಗ ಮರಳಿನ ಮೇಲೆ ಹೊಲಿಗೆ ಹಾಕಿದಂಥ ಸಣ್ಣ ಗೆರೆಯೊಂದು ನೀರಿನ ಕಡೆಗೆ ಹೋಗಿತ್ತು. ಮಗ ಕತ್ತಲಿಗೆ ಕೈಬೀಸಿದ.

ಮರಳಿ ಬಂದ ಮೇಲೆ ಮಗಳು ಮಲಗಲಿಲ್ಲ. ಉಳಿದ ಚಿಪ್ಪುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು, ಒಂದೊಂದನ್ನೂ ಬಾಗಿಲು ತಟ್ಟುವ ಹಾಗೆ ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು ಕೇಳಿದಳು: "ಒಳಗೆ ಯಾರಾದ್ರೂ ಇದೀರಾ?"