ಚಿಕ್ಕ ವಿಮಾನದ ಟಿಕೆಟ್ ಮೊದಲು, ದೊಡ್ಡದು ಆಮೇಲೆ: ಮಡಿಕೇರಿಯ ಟ್ರಾವೆಲ್ಸ್ ಮೇಜಿನಿಂದ

ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ಮಕ್ಕಳ ಪರೀಕ್ಷೆಯೂ ಆಯಿತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಟ್ರಾವೆಲ್ಸ್‌ಗಳಲ್ಲಿ ಫೋನಿಗೆ ಬಿಡುವಿರುವುದಿಲ್ಲ. ಕೇಳುವ ಹೆಸರುಗಳು ಹೆಚ್ಚಾಗಿ ಅವೇ: ಬಾಲಿ, ಮಾಲ್ಡೀವ್ಸ್, ಅಂಡಮಾನ್. ಈಚೆಗೆ ಲಕ್ಷದ್ವೀಪವೂ ಸೇರಿಕೊಂಡಿದೆ. ಫೋನ್ ಮಾಡುವ ಹೊತ್ತಿಗೆ ಹಲವರು ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ ತೆಗೆದೇ ಬಿಟ್ಟಿರುತ್ತಾರೆ. ಕೇಳಿದರೆ "ಆಫರ್ ಇತ್ತಲ್ಲ" ಅನ್ನುತ್ತಾರೆ. ಉಳಿದಿರುವುದು ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರುವ ಮುಕ್ಕಾಲು ಗಂಟೆಯ ಟಿಕೆಟ್ ಮಾತ್ರ. ಆಫರಿನಲ್ಲಿ ಉಳಿಸಿದ ದುಡ್ಡು ಸೋರಿಹೋಗುವುದು ಅಲ್ಲೇ.

ನಮ್ಮ ಕೆಲಸದಲ್ಲಿ ಕ್ರಮ ತಲೆಕೆಳಗು. ದ್ವೀಪಗಳ ನಡುವಿನ ಸಣ್ಣ ಹಾರಾಟದ ದಿನ, ಹೊತ್ತು, ದರ ಮೊದಲು ನೋಡಿ, ಅದಕ್ಕೆ ಹೊಂದುವಂತೆ ಬೆಂಗಳೂರಿನ ಟಿಕೆಟ್ ಹುಡುಕುತ್ತೇವೆ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಸಿಗದಿದ್ದರೆ ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್ ಸುತ್ತಿ ಹೋಗಬಹುದು. ಅಂಥ ವಿಮಾನಗಳಲ್ಲಿ 180ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಸೀಟು. ದ್ವೀಪಗಳ ನಡುವೆ ಹಾರುವ ಎಟಿಆರ್ 72ರಲ್ಲಿ ಇರುವುದು 70ರಿಂದ 78 ಸೀಟು. ಮಾಲ್ಡೀವ್ಸ್‌ನ ಡ್ಯಾಶ್ 8ರಲ್ಲಿ 37 ಅಥವಾ 50. ಅಲ್ಲಿನ ಸೀಪ್ಲೇನಿನಲ್ಲಿ ಹದಿನೈದೇ ಜನ. ಅಂಥ ವಿಮಾನ ದಿನಕ್ಕೆ ಎರಡೋ ಮೂರೋ ಹಾರುವ ಕಡೆ, ನಮ್ಮ ಎರಡು ಒಕ್ಕದವರು, ಅಂದರೆ ಎರಡು ಮನೆತನದವರು, ಒಟ್ಟಿಗೆ ಹೊರಟರೆ ಅಗ್ಗದ ಸೀಟು ಪೂರ್ತಿ ಮುಗಿದುಹೋಗುತ್ತದೆ.

ಟಿಕೆಟ್ ಹುಡುಕುವ ಮೊದಲು ಇನ್ನೊಂದು ಪ್ರಶ್ನೆ: ಅಲ್ಲಿಗೆ ಹಾರಲೇಬೇಕಾ? ಬಾಲಿಯಿಂದ ನುಸಾ ಪೆನಿಡಾಕ್ಕೆ ವಿಮಾನ ಕೇಳುವವರು ಬಹಳ. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಸಾನೂರಿನಿಂದ ದೋಣಿ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಲೊಂಬೊಕ್ ಪಕ್ಕದ ಗಿಲಿ ದ್ವೀಪಗಳಿಗೂ ಬಾಲಿಯ ಪಡಾಂಗ್ ಬಾಯ್‌ನಿಂದ ವೇಗದ ದೋಣಿಯೇ ಲೇಸು. ವಿಮಾನದಲ್ಲಿ ಲೊಂಬೊಕ್ಕಿಗೆ ಇಳಿದರೂ ಕಾರು, ಆಮೇಲೆ ದೋಣಿ ಎಂದು ಅರ್ಧ ದಿನ ಹೋಗುತ್ತದೆ. ಆದರೆ ಕೊಮೊಡೊ ನೋಡಲು ಲಬುವಾನ್ ಬಾಜೋಗೆ ಹೋಗುವವರು ಹಾರಲೇಬೇಕು, ಸುಮಾರು ಒಂದು ಗಂಟೆ ಕಾಲು. ಅಂಡಮಾನಿನಲ್ಲಿ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕಿಗೆ, ಹೋಗಲು ಹಡಗನ್ನೇ ನಂಬಿ. ಹೆಲಿಕಾಪ್ಟರ್ ಇದೆಯಲ್ಲ ಅನ್ನುತ್ತಾರೆ. ಅದರಲ್ಲಿ ರೋಗಿಗಳಿಗೆ, ದ್ವೀಪದ ನಿವಾಸಿಗಳಿಗೆ ಮೊದಲ ಆದ್ಯತೆ. ಅದನ್ನು ನೆಚ್ಚಿ ಹೋಟೆಲ್ ಬುಕ್ ಮಾಡಬಾರದು. ಲಕ್ಷದ್ವೀಪದಲ್ಲಿ ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಬಂಗಾರಂಗೆ ಅಲ್ಲಿಂದ ದೋಣಿ. ಪ್ರವೇಶದ ಪರ್ಮಿಟ್ ಕೈಗೆ ಬರದೆ ವಿಮಾನದ ದುಡ್ಡು ಕಟ್ಟಬೇಡಿ.

ಹಾರಲೇಬೇಕೆಂದಾದರೆ ಆ ದಾರಿಯಲ್ಲಿ ಎಷ್ಟು ಕಂಪನಿಗಳಿವೆ ಅಂತ ನೋಡಿ. ದರ ತೀರ್ಮಾನವಾಗುವುದು ದೂರದಿಂದಲ್ಲ, ಪೈಪೋಟಿಯಿಂದ. ಹವಾಯಿಯಲ್ಲಿ ಒಆಹು ಮತ್ತು ಮಾವಿ ನಡುವೆ ಪ್ರಯಾಣಿಕರ ಹಡಗೇ ಇಲ್ಲ, ಆದರೂ ದರ ಹಿಡಿತದಲ್ಲಿರುತ್ತದೆ. ಹವಾಯಿಯನ್, ಸೌತ್‌ವೆಸ್ಟ್ ಎರಡೂ ದಿನಕ್ಕೆ ಹಲವು ಸಲ ಹಾರುತ್ತವೆ. ಥಾಯ್ಲೆಂಡಿನ ಸಮುಯಿಯ ಕತೆ ಬೇರೆ. ಆ ವಿಮಾನ ನಿಲ್ದಾಣ ಕಟ್ಟಿದ್ದೂ ಬ್ಯಾಂಕಾಕ್ ಏರ್‌ವೇಸ್, ಅದರ ಮಾಲೀಕರೂ ಅವರೇ, ಹಾರಾಟದಲ್ಲೂ ಅವರದೇ ಮೇಲುಗೈ. ರಜೆಯಲ್ಲಿ ಅಲ್ಲಿ ದರ ಇಳಿಯುತ್ತದೆಂದು ಕಾಯುವುದು ದಂಡ. ಅಗ್ಗದ ಕಂಪನಿಯಲ್ಲಿ ಸೂರತ್ ಥಾನಿಗೆ ಹಾರಿ, ಅಲ್ಲಿಂದ ಡೋನ್‌ಸಾಕ್ ಜೆಟ್ಟಿಗೆ ಬಸ್ಸು, ಮುಂದೆ ಒಂದೂವರೆ ಗಂಟೆಯ ಹಡಗು ಹಿಡಿಯಬೇಕು. ಬಸ್ಸು-ಹಡಗು ಸೇರಿದ ಒಂದೇ ಟಿಕೆಟ್ ಸಿಗುತ್ತದೆ. ಅರ್ಧ ದಿನ ಹೆಚ್ಚಿಗೆ ಬೇಕು, ನಿಜ. ಆರು ಜನರ ಕುಟುಂಬವಾದರೆ ಉಳಿಯುವ ದುಡ್ಡಿಗಾಗಿ ಆ ಅರ್ಧ ದಿನ ಕೊಡಬಹುದು. ಇಬ್ಬರೇ ಆದರೆ, ನಮ್ಮ ಅಭಿಪ್ರಾಯದಲ್ಲಿ, ಸುಮ್ಮನೆ ಹಾರಿ. ಫಿಲಿಪೈನ್ಸ್‌ನ ಬೊರಾಕಾಯ್‌ಗೂ ಇದೇ ಉಪಾಯ: ದ್ವೀಪದ ಎದುರಿಗಿರುವ ಕಾಟಿಕ್ಲಾನ್ ದುಬಾರಿ ಕಂಡರೆ ಕಾಲಿಬೋ ನೋಡಿ. ಅಲ್ಲಿಂದ ವ್ಯಾನಿನಲ್ಲಿ ಎರಡು ಗಂಟೆ.

ಮಾಲ್ಡೀವ್ಸ್‌ನಲ್ಲಿ ಈ ಹುಡುಕಾಟ ನಡೆಯುವುದೇ ಇಲ್ಲ. ಸೀಪ್ಲೇನ್ ಟಿಕೆಟನ್ನು ಸಾಮಾನ್ಯವಾಗಿ ರೆಸಾರ್ಟೇ ಮಾರುತ್ತದೆ. ಒಬ್ಬರಿಗೆ ಹೋಗಿಬರಲು 400 ಡಾಲರ್ ದಾಟುವುದು ಮಾಮೂಲು. ಹಾಗಾಗಿ ರೂಮಿನ ಬಾಡಿಗೆಯನ್ನಷ್ಟೇ ಹೋಲಿಸಿ ನೋಡಿದವರು ಮೋಸಹೋಗುತ್ತಾರೆ. ಬಾಡಿಗೆ ಕಡಿಮೆಯಿರುವ ರೆಸಾರ್ಟ್ ದೂರದಲ್ಲಿದ್ದು, ಉಳಿತಾಯವನ್ನೆಲ್ಲ ಸೀಪ್ಲೇನೇ ನುಂಗಿರುತ್ತದೆ. ಜೊತೆಗೆ ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ಮಾಲೆಯಲ್ಲಿ ಮಧ್ಯಾಹ್ನ ಮೂರೂವರೆಯ ನಂತರ ಇಳಿಯುವ ಟಿಕೆಟ್ ತೆಗೆದರೆ ವಿಮಾನ ನಿಲ್ದಾಣದ ಪಕ್ಕದ ಹುಲ್‌ಹುಮಾಲೆಯಲ್ಲಿ ಒಂದು ರಾತ್ರಿಯ ಹೋಟೆಲ್ ಖರ್ಚು ಗ್ಯಾರಂಟಿ. ಕಡಿಮೆ ಖರ್ಚಿನವರು ಸ್ಥಳೀಯರು ವಾಸವಿರುವ ದ್ವೀಪದಲ್ಲಿ ಗೆಸ್ಟ್ ಹೌಸ್ ಹಿಡಿದು ಸ್ಪೀಡ್ ಬೋಟಿನಲ್ಲಿ ಹೋಗಬೇಕು. ಶುಕ್ರವಾರ ಅಲ್ಲಿ ವಾರದ ರಜೆ, ದೋಣಿಗಳು ಕಡಿಮೆ. ದೂರದ ಹವಳದ್ವೀಪಗಳಾದರೆ ಧರವಂದೂ, ಗನ್ ತರಹದ ನಿಲ್ದಾಣಕ್ಕೆ ಸಾಮಾನ್ಯ ದೇಶೀಯ ವಿಮಾನವಿದೆ. ಅದು ರಾತ್ರಿಯೂ ಹಾರಬಲ್ಲದು. ಅಲ್ಲಿನ ಪ್ರಜೆಗಳಿಗೆ ಒಂದು ದರ, ವಿದೇಶಿಯರಿಗೆ ಇನ್ನೊಂದು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಅಗ್ಗದ ದರ ನಮಗೆ ಅನ್ವಯಿಸುತ್ತದಾ ಅಂತ ಕೇಳಿಕೊಳ್ಳಿ. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೂ ನಿವಾಸಿಗಳಿಗೆ ಟಿಕೆಟಿನಲ್ಲಿ ಶೇ. 75 ರಿಯಾಯಿತಿ, ಗೊತ್ತಿಲ್ಲದೆ ನಿವಾಸಿ ಅನ್ನುವ ಕಡೆ ಟಿಕ್ ಹಾಕಿದವರನ್ನು ಹತ್ತಿಸಿಕೊಳ್ಳದೆ ಇರಬಹುದು.

ಈಗ ದರದ ಒಳಮರ್ಮ. ಒಂದೇ ವಿಮಾನದ ಸೀಟುಗಳನ್ನು ಕಂಪನಿ ಹಲವು ದರದ ಗುಂಪುಗಳಾಗಿ ವಿಂಗಡಿಸಿರುತ್ತದೆ. ಅಗ್ಗದ ಗುಂಪು ಮುಗಿದ ಮೇಲೆ ಮೇಲಿನದು ತೆರೆಯುತ್ತದೆ. ನೀವು ಎಂಟು ಜನರಿಗೆ ಒಟ್ಟಿಗೆ ಹುಡುಕಿದರೆ, ಎಂಟೂ ಸೀಟು ಒಂದೇ ಗುಂಪಿನಲ್ಲಿ ಸಿಗುವ ದರವನ್ನೇ ಕಂಪ್ಯೂಟರ್ ತೋರಿಸುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, 4,000 ರೂಪಾಯಿಯ ಗುಂಪಿನಲ್ಲಿ ಐದೇ ಸೀಟು ಉಳಿದು, ಮುಂದಿನ ಗುಂಪು 5,200 ಇದ್ದರೆ, ಎಂಟಕ್ಕೂ 5,200ರಂತೆ 41,600 ಕೇಳುತ್ತದೆ. ಐದು ಮತ್ತು ಮೂರು ಎಂದು ಎರಡು ಸಲ ಬುಕ್ ಮಾಡಿದರೆ 20,000 ಮತ್ತು 15,600, ಒಟ್ಟು 35,600. ಆರು ಸಾವಿರ ಉಳಿಯಿತು. ಹಾಗಾಗಿ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಮೂವರಿಗೆ. ದರ ಜಿಗಿಯುವ ಸಂಖ್ಯೆ ಸಿಕ್ಕ ಕಡೆ ಒಡೆಯಿರಿ.

ಒಡೆಯುವಾಗ ಮಕ್ಕಳು ಇರುವ ಬುಕಿಂಗಿನಲ್ಲಿ ದೊಡ್ಡವರೊಬ್ಬರು ಇರಲೇಬೇಕು. ವಿಮಾನ ರದ್ದಾದರೆ ಎರಡು ಪಿಎನ್‌ಆರ್‌ಗಳವರನ್ನು ಬೇರೆಬೇರೆ ವಿಮಾನಕ್ಕೆ ಹಾಕುವ ಸಂಭವವೂ ಇದೆ. ಬುಕ್ ಆದ ದಿನವೇ ಕಂಪನಿಗೆ ಫೋನ್ ಮಾಡಿ, ಈ ಎರಡೂ ಒಂದೇ ಕುಟುಂಬ ಅಂತ ಟಿಪ್ಪಣಿ ಹಾಕಿಸಬೇಕು. ಸಾಮಾನ್ಯವಾಗಿ ಒಂದು ಬುಕಿಂಗಿಗೆ ಒಂಬತ್ತು ಜನ ಮಿತಿ. ಹತ್ತು ಅಥವಾ ಹೆಚ್ಚಾದರೆ ಗುಂಪಿನ ದರ ಕೇಳಬಹುದು, ಆದರೆ ಗುಂಪು ಅಂದರೆ ಅಗ್ಗ ಅನ್ನುವುದು ಭ್ರಮೆ. ರಜೆಯಲ್ಲಿ ಅದು ಬಿಡಿ ಟಿಕೆಟಿಗಿಂತ ದುಬಾರಿಯಾಗಿರುವುದೇ ಹೆಚ್ಚು. ಅದರ ಲಾಭ ಬೇರೆ: ಮುಂಗಡ ಕಟ್ಟಿ ಸೀಟು ಹಿಡಿದುಕೊಂಡು, ಹೆಸರು ಆಮೇಲೆ ಕೊಡಬಹುದು. ಇನ್ನು, ಪದೇಪದೇ ನೋಡಿದರೆ ದರ ಏರುತ್ತದೆ, ಮಂಗಳವಾರ ನಡುರಾತ್ರಿ ಇಳಿಯುತ್ತದೆ ಅನ್ನುವ ಮಾತುಗಳಿಗೆ ನಮ್ಮ ಮೇಜಿನಲ್ಲಿ ಬೆಲೆಯಿಲ್ಲ. ನೀವು ನೋಡುತ್ತಿರುವಾಗ ಬೇರೆಯವರು ಕೊಂಡಿರುತ್ತಾರೆ, ಅಷ್ಟೇ.

ನಮ್ಮ ರಜೆಯ ಕ್ಯಾಲೆಂಡರ್ ಮಾತ್ರ ನೋಡಿ ಹೊರಡುವುದು ಇನ್ನೊಂದು ತಪ್ಪು. ದರ ಏರಿಸುವುದು ಅಲ್ಲಿಯವರ ಹಬ್ಬ. ದಸರಾ ರಜೆ ಅಕ್ಟೋಬರ್ ಮೊದಲ ವಾರಕ್ಕೆ ಬಿದ್ದರೆ, 1ನೇ ತಾರೀಕಿನಿಂದ ಚೀನಾದವರಿಗೂ ರಾಷ್ಟ್ರೀಯ ರಜೆ. ಬಾಲಿ, ಥಾಯ್ಲೆಂಡ್, ಮಾಲ್ಡೀವ್ಸ್ ಮೂರೂ ಕಡೆ ಸೀಟು ಬಿಗಿ. ಅದೇ ರಜೆಯ ಎರಡನೇ ವಾರ ನೋಡಿ. ಏಪ್ರಿಲ್ 13ರಿಂದ 15 ಥಾಯ್ಲೆಂಡಿನ ಸೊಂಗ್‌ಕ್ರಾನ್. ಇಂಡೊನೇಷ್ಯಾದಲ್ಲಿ ರಂಜಾನ್ ಹಬ್ಬದ, ಅಂದರೆ ಉಪವಾಸದ ತಿಂಗಳು ಮುಗಿದಾಗಿನ ಈದ್‌ನ, ಹಿಂದುಮುಂದಿನ ವಾರಗಳಲ್ಲಿ ಊರಿಗೆ ಊರೇ ತವರಿಗೆ ಹೊರಡುತ್ತದೆ, ಆ ದಿನ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ದೇಶೀಯ ಎಕಾನಮಿ ಟಿಕೆಟಿಗೆ ಸರ್ಕಾರವೇ ಗರಿಷ್ಠ ದರ ಕಟ್ಟಿದೆ. ಆದ್ದರಿಂದ ನೇರ ವಿಮಾನದ ದರ ಆ ಮಿತಿ ಮುಟ್ಟಿ, ಸೀಟು ಮುಗಿಯುತ್ತದೆ. ಆಗ ಆ್ಯಪ್‌ಗಳು ತೋರಿಸುವ ಕಣ್ಣು ಕುಕ್ಕುವ ದರ ನೇರ ವಿಮಾನದ್ದಲ್ಲ, ಜಕಾರ್ತಾ ಸುತ್ತಿ ಬರುವ ಎರಡು ಟಿಕೆಟಿನ ಜೋಡಣೆ. ಅದನ್ನು ಕೊಳ್ಳುವ ಬದಲು ದಿನ ಬದಲಿಸುವುದು ಲೇಸು.

ಬಾಲಿಗೆ ಹೋಗುವ ನಮ್ಮವರು ಮರೆಯಬಾರದ ದಿನ ನ್ಯೆಪಿ. ಅದು ಬಾಲಿಯ ಶಕ ವರ್ಷದ ಮೊದಲ ದಿನ, ಮೌನದ ದಿನ. ನಮ್ಮ ಯುಗಾದಿಯ ಆಸುಪಾಸಿಗೇ ಬರುವುದುಂಟು: 2025ರಲ್ಲಿ ಮಾರ್ಚ್ 29ಕ್ಕೆ ನ್ಯೆಪಿ, ಮಾರನೇ ದಿನ ಯುಗಾದಿ, 2026ರಲ್ಲಿ ಎರಡೂ ಮಾರ್ಚ್ 19ಕ್ಕೆ. ಅವತ್ತು ಬೆಳಿಗ್ಗೆ ಆರರಿಂದ ಮಾರನೇ ದಿನ ಬೆಳಿಗ್ಗೆ ಆರರವರೆಗೆ ಡೆನ್‌ಪಸಾರ್ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ದೋಣಿಗಳೂ ಇಲ್ಲ, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಹಿಂದಿನ ಸಂಜೆ ಮತ್ತು ಮರುದಿನದ ಸೀಟು ಸಹಜವಾಗಿ ದುಬಾರಿ.

ನಮ್ಮ ದೇಶದ ಬುಕಿಂಗ್ ಆ್ಯಪ್‌ಗಳಲ್ಲಿ ಎಲ್ಲ ಸಣ್ಣ ಕಂಪನಿಗಳೂ ಕಾಣುವುದಿಲ್ಲ. ಗೂಗಲ್ ಫ್ಲೈಟ್ಸ್‌ನಲ್ಲಿ ಯಾರು ಹಾರುತ್ತಾರೆ ಅಂತ ನೋಡಿ, ಕಂಪನಿಯ ಸ್ವಂತ ತಾಣದಲ್ಲೇ ಟಿಕೆಟ್ ತೆಗೆಯಿರಿ. ಸಮಯ ಬದಲಾದರೆ ಅವರೇ ನೇರ ತಿಳಿಸುತ್ತಾರೆ, ನಡುವಿನವರ ಕೈಕಾಲು ಹಿಡಿಯುವ ಕೆಲಸವಿಲ್ಲ. (ನಡುವಿನವರಾದ ನಾವೇ ಇದನ್ನು ಹೇಳುತ್ತಿರುವುದು ವಿಚಿತ್ರ ಅನಿಸಬಹುದು.) ಹಣ ಕಟ್ಟುವಾಗ ಎರಡು ಕಡೆ ಎಡವುತ್ತಾರೆ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಮೊದಲೇ ತೆರೆದಿಡಿ. ಆಮೇಲೆ "ರೂಪಾಯಿಯಲ್ಲಿ ಕಟ್ಟುತ್ತೀರಾ" ಅಂತ ತಾಣ ಕೇಳಿದರೆ ಬೇಡ ಅನ್ನಿ. ಆ ಪರಿವರ್ತನೆಯ ದರ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ಕೆಟ್ಟದ್ದು.

ಹೆಸರಿನ ವಿಷಯ ಕೊಡಗಿನಲ್ಲಿ ವಿಶೇಷ. ಮನೆಪೆದರು, ಅಂದರೆ ಮನೆತನದ ಹೆಸರು, ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಆಧಾರ್ ನೋಡಬೇಡಿ. ವಿದೇಶಕ್ಕಾದರೆ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ, ಎರಡೂ ಟಿಕೆಟಿನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಥರ ಇರಬೇಕು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿಯಿದ್ದರೆ ಒಂದೊಂದು ಕಂಪನಿಗೆ ಒಂದೊಂದು ನಿಯಮ: ಕೆಲವರು ಅದೇ ಹೆಸರನ್ನು ಎರಡು ಸಲ ಬರೆಸುತ್ತಾರೆ. ದುಡ್ಡು ಕಟ್ಟುವ ಮೊದಲು ಕೇಳಿ. ಆಮೇಲೆ ತಿದ್ದಿಸುವ ಶುಲ್ಕ ಕೆಲವೊಮ್ಮೆ ಟಿಕೆಟಿಗಿಂತ ಜಾಸ್ತಿ.

ಲಗೇಜಿನಲ್ಲಿ ಆಗುವ ಎಡವಟ್ಟು ಎಲ್ಲಕ್ಕಿಂತ ಹೆಚ್ಚು. ದೊಡ್ಡ ವಿಮಾನದವರು 20 ಕಿಲೋ ಬಿಟ್ಟರೆಂದು ತುಂಬಿಕೊಂಡು ಹೊರಡುತ್ತಾರೆ, ಸಣ್ಣದರಲ್ಲಿ 10 ಕಿಲೋ ಮಿತಿ ಇರುವುದುಂಟು. ಕೌಂಟರಿನಲ್ಲಿ ಕಟ್ಟುವ ಕಿಲೋ ದರ ಮೊದಲೇ ಆನ್‌ಲೈನಿನಲ್ಲಿ ಕೊಳ್ಳುವುದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಎರಡು ದರ ಹೋಲಿಸುವಾಗ ಬ್ಯಾಗಿನ ದುಡ್ಡನ್ನೂ ಕೂಡಿಸಿಯೇ ಹೋಲಿಸಿ. ಮಾಲ್ಡೀವ್ಸ್‌ನ ಸೀಪ್ಲೇನಿನಲ್ಲಿ 20 ಕಿಲೋ, ಕೈಯಲ್ಲಿ 5 ಕಿಲೋ. ಎಟಿಆರ್‌ನ ತಲೆಮೇಲಿನ ಗೂಡು ಚಿಕ್ಕದು. ಗಾಲಿಯ ಕ್ಯಾಬಿನ್ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಇನ್ನೊಂದು ಕಾರಣವೂ ಇದೆ. ಅಗತ್ತಿಯಂಥ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಬಿಸಿಲೇರಿದಾಗ ಗಾಳಿ ತೆಳ್ಳಗಾಗಿ, ಅದೇ ವಿಮಾನ ಕಡಿಮೆ ತೂಕ ಹೊತ್ತೇ ಏರಬೇಕು. ಆಗ ಬ್ಯಾಗುಗಳು ಹಿಂದೆ ಉಳಿದು ಮುಂದಿನ ವಿಮಾನಕ್ಕೆ ಬರುತ್ತವೆ. ಬಿಪಿ, ಶುಗರ್ ಮಾತ್ರೆ ಮತ್ತು ಒಂದು ದಿನದ ಬಟ್ಟೆ ಕೈಚೀಲದಲ್ಲಿರಲಿ.

ದೊಡ್ಡ ನಷ್ಟ ಆಗುವುದು ಮಾತ್ರ ವಾಪಸ್ ಬರುವಾಗ. ಎರಡು ಟಿಕೆಟ್ ಬೇರೆಬೇರೆ ತೆಗೆದಿದ್ದರೆ, ಸಣ್ಣ ವಿಮಾನ ತಡವಾಗಿದ್ದಕ್ಕೆ ದೊಡ್ಡ ವಿಮಾನದವರು ಹೊಣೆಯಲ್ಲ. ಅವರ ಲೆಕ್ಕದಲ್ಲಿ ನೀವು ಬರಲಿಲ್ಲ, ಟಿಕೆಟ್ ಹೋಯಿತು. ಅದಕ್ಕೇ ಕೊನೆಯ ರಾತ್ರಿ ಡೆನ್‌ಪಸಾರ್, ಮಾಲೆ ಅಥವಾ ಶ್ರೀ ವಿಜಯಪುರಂನಲ್ಲಿ, ಅಂದರೆ ಹಳೆಯ ಪೋರ್ಟ್ ಬ್ಲೇರ್‌ನಲ್ಲಿ, ಕಳೆಯುವಂತೆ ಯೋಜಿಸುತ್ತೇವೆ. ಅದೇ ದಿನ ಜೋಡಿಸಲೇಬೇಕೆಂದು ಹಟ ಹಿಡಿದವರಿಗೆ ಬೆಳಗಿನ ಮೊದಲ ವಿಮಾನ, ನಡುವೆ ಕನಿಷ್ಠ ಐದಾರು ಗಂಟೆ. ಮೊದಲನೆಯದು ರದ್ದಾದರೆ ಎರಡನೆಯದಾದರೂ ಇರುತ್ತದೆ. ಸಂಜೆಯದು ರದ್ದಾದರೆ ಮುಂದೆ ರಾತ್ರಿ. ಬ್ಯಾಗು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಇಸಿದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಡೆನ್‌ಪಸಾರ್‌ನಲ್ಲಿ ಎರಡು ಟರ್ಮಿನಲ್ ನಡೆಯುವಷ್ಟು ಹತ್ತಿರ. ಮನಿಲಾದಲ್ಲಿ ಹಾಗಲ್ಲ, ಟ್ರಾಫಿಕ್ಕಿನಲ್ಲಿ ಕಾರು ಹಿಡಿಯಬೇಕು.

ಹೊರಡುವ ಕಡೆಯ ಲೆಕ್ಕವೂ ಇದೆ. ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಮಡಿಕೇರಿಯಿಂದ ದೇವನಹಳ್ಳಿಗೆ ಆರೇಳು ಗಂಟೆ, ಭಾನುವಾರ ಸಂಜೆಯಾದರೆ ಮೈಸೂರು ರಸ್ತೆಯ ಮೇಲೆ ಇನ್ನೂ ಒಂದು ಗಂಟೆ ಕೂಡಿಸಿ. ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಹತ್ತಿರ, ಆದರೆ ಅಲ್ಲಿಂದ ವಿದೇಶಕ್ಕೆ ಹಾರುವುದು ಗಲ್ಫಿನ ಕಡೆಗೆ. ದ್ವೀಪಗಳಿಗೆ ಬೆಂಗಳೂರು ಅಥವಾ ಕೊಚ್ಚಿಯೇ ಗತಿ. ಮಳೆಗಾಲದಲ್ಲಿ ಮಾಕುಟ್ಟ ಘಾಟಿ ಕುಸಿದು ಮುಚ್ಚುವುದುಂಟು.

ಪೆಟ್ಟಿಗೆ ಕಟ್ಟುವವರಿಗೆ: ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ), ಜೇನು ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿಲಿಲೀಟರ್ ಮೀರಿದ ಬಾಟಲಿ ಕೈಚೀಲದಲ್ಲಿ ಹೋಗದು. ಮಾಲ್ಡೀವ್ಸ್‌ಗೆ ಹೊರಟವರು ಪಂದಿ ಉಪ್ಪಿನಕಾಯಿ, ಮನೆ ವೈನು ಎರಡನ್ನೂ ಮನೆಯಲ್ಲೇ ಬಿಡಿ. ಹಂದಿಮಾಂಸಕ್ಕೂ ಮದ್ಯಕ್ಕೂ ಅಲ್ಲಿ ಪ್ರವೇಶವಿಲ್ಲ, ಮಾಲೆಯ ಕಸ್ಟಮ್ಸ್‌ನವರು ಸ್ಕ್ಯಾನ್ ಮಾಡಿ ತೆಗೆದಿಡುತ್ತಾರೆ.